ಅಭಿವೃದ್ಧಿ ಸಮಿತಿಯ ಸದಸ್ಯ: ಲಕ್ಷಣ, ನೆಲೆ ಮತ್ತು ಪ್ರಭೇದ

ಊರಿನ ಅಭಿವೃದ್ಧಿ ಸಮಿತಿಯ ಸದಸ್ಯರು ಬಾಗಲಕೋಟೆ ಜಿಲ್ಲೆಯಲ್ಲಿ ಎಲ್ಲ ಋತುಗಳಲ್ಲೂ ಕಾಣಸಿಗುತ್ತಾರೆ. ಪುರಸಭೆ, ನಗರಸಭೆ ಇರುವಲ್ಲಿ ನಾಮನಿರ್ದೇಶಿತ ಸದಸ್ಯರಾಗಿ, ಪ್ರಾಧಿಕಾರ ಇರುವಲ್ಲಿ ಪ್ರಾಧಿಕಾರದವರಾಗಿ, ಎರಡೂ ಇಲ್ಲದ ಕಡೆ ಜಾತ್ರಾ ಕಮಿಟಿಯವರಾಗಿ ಇರುತ್ತಾರೆ. ಗುರುತಿಸುವುದು ಕಷ್ಟವಲ್ಲ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಇಳಕಲ್ಲ ಸೀರೆ ಅಂಗಡಿಯ ಚೀಲ, ಚೀಲದೊಳಗೆ ಹಳೆಯ ಠರಾವುಗಳ ಝೆರಾಕ್ಸ್. ಸಭೆ ಹನ್ನೊಂದಕ್ಕಿದ್ದರೆ ಹತ್ತೂವರೆಗೇ ಬಂದು ಫ್ಯಾನಿನ ಕೆಳಗಿನ ಖುರ್ಚಿ ಹಿಡಿಯುತ್ತಾರೆ. ಅಧಿಕಾರಿಗಳು ಬರುವುದು ಹನ್ನೆರಡಕ್ಕೆ. ನಡುವಿನ ಒಂದೂವರೆ ತಾಸನ್ನು ಇವರೊಡನೆ ಕಳೆಯಬೇಕಾದವನು ನಡಾವಳಿ ಬರೆಯುವ ಗುಮಾಸ್ತನೊಬ್ಬನೇ. ಅವನ ವಿಷಯ ಮುಂದೆ ಬರುತ್ತದೆ.

ಈ ಜಿಲ್ಲೆಯಲ್ಲಿ ಇಂಥವರು ಹೆಚ್ಚಾಗಿರುವುದಕ್ಕೆ ನೆಲದ ಗುಣವೇ ಕಾರಣ. ಬಾದಾಮಿಯಲ್ಲಿ ಆರನೇ ಶತಮಾನದ ಗುಹೆಗಳಿವೆ; ಪಕ್ಕದ ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪಾರಂಪರಿಕ ಪಟ್ಟಣಗಳಿಗಾಗಿ ‘ಹೃದಯ್’ ಯೋಜನೆ ತಂದಾಗ ಆಯ್ಕೆಯಾದ 12 ಊರುಗಳಲ್ಲಿ ಕರ್ನಾಟಕದ್ದು ಬಾದಾಮಿ ಒಂದೇ. ವಾರಾಣಸಿ, ಅಮೃತಸರ, ಪುರಿ, ಮಥುರೆಗಳ ಸಾಲಿನಲ್ಲಿ ಹೆಸರು ಬಂದ ಮೇಲೆ ಸುತ್ತಲಿನ ಚಹಾದಂಗಡಿಗಳ ಚರ್ಚೆಗೂ ಒಂದು ಗತ್ತು ಬಂತು. ಯೋಜನೆ 2019ರ ಮಾರ್ಚಿಗೆ ಮುಗಿಯಿತು, ಗತ್ತು ಮುಗಿಯಲಿಲ್ಲ. ಅತ್ತ ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರು ಊರೊಳಗೆ ಬಂದು, ಹಳೆಯ ಊರಿನ ಅರ್ಧ ಬದುಕನ್ನು ಗುಡ್ಡದ ಮೇಲಿನ ನವನಗರಕ್ಕೆ ಸಾಗಿಸಬೇಕಾಯಿತು. ಇನ್ನು ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆ ಬಂತೆಂದರೆ ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳ ತಗಡಿನ ಥಿಯೇಟರು, ಬಾಗಿಲು ಚೌಕಟ್ಟಿನ ಅಂಗಡಿಗಳು, ಬೆಂಡು ಬತ್ತಾಸಿನ ಸಾಲುಗಳು ಏಳುತ್ತವೆ. ಇಡೀ ಒಂದು ಪಟ್ಟಣವನ್ನು ಬಯಲಿನಲ್ಲಿ ಎಬ್ಬಿಸಿ ತಿಂಗಳೊಪ್ಪತ್ತಿನಲ್ಲಿ ಕಿತ್ತು ಒಯ್ಯುವುದನ್ನು ಹುಟ್ಟಿದಾಗಿನಿಂದ ನೋಡಿದವರಿಗೆ ಊರು ಕಟ್ಟುವುದು ಅಂಥ ದೊಡ್ಡ ಕೆಲಸ ಅನ್ನಿಸುವುದಿಲ್ಲ.

ಕಾನೂನಿನಲ್ಲಿ ಇವರ ಸ್ಥಾನ ಸ್ಪಷ್ಟವಾಗಿದೆ. ಸಂವಿಧಾನದ 74ನೇ ತಿದ್ದುಪಡಿ ಪೌರಾಡಳಿತದಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರನ್ನು ಪುರಸಭೆಗಳಿಗೆ ನಾಮನಿರ್ದೇಶನ ಮಾಡಲು ಅವಕಾಶ ಕೊಟ್ಟಿತು. ಜೊತೆಗೆ ಅವರಿಗೆ ಮತ ಹಾಕುವ ಹಕ್ಕಿಲ್ಲ ಎಂದೂ ಹೇಳಿತು. ಮಾತಿಗೆ ಮಾತ್ರ ಯಾವ ಮಿತಿಯನ್ನೂ ಹಾಕಲಿಲ್ಲ. ಕೈ ಎತ್ತುವ ಹಕ್ಕಿಲ್ಲದವರು ದನಿ ಎತ್ತುತ್ತಾರೆ ಎಂಬುದು ಕಾಯ್ದೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ವಿಶೇಷ ಅನುಭವ ಎಂದರೆ ಏನೆಂಬುದನ್ನು ಆಯಾ ಕಾಲದ ಶಾಸಕರ ಆಪ್ತರು ತೀರ್ಮಾನಿಸುತ್ತಾರೆ. ಚುನಾವಣೆಯಲ್ಲಿ ಕುರ್ಚಿ, ಶಾಮಿಯಾನ ಒದಗಿಸಿದ್ದೂ ಒಂದು ಅನುಭವವೇ.

ಪ್ರಭೇದಗಳು ಹಲವು. ಮೊದಲನೆಯದು ಪಕ್ಷದ ಕಾರ್ಯಕರ್ತ. ಫೋನ್ ಬಂದಾಗಲೆಲ್ಲ ‘ಮೀಟಿಂಗನ್ಯಾಗ ಅದೇನ್ರಿ’ ಎಂದು ಹೊರಗಿನ ಪಡಸಾಲೆವರೆಗೂ ಕೇಳುವಂತೆ ಹೇಳುವುದಕ್ಕಾಗಿಯೇ ಈತ ಸಭೆಗೆ ಬರುತ್ತಾನೆ. ಅದರ ಹೊರತು ನಿರುಪದ್ರವಿ. ಎರಡನೆಯದು ಲಾಡ್ಜು, ಖಾನಾವಳಿ ಇಟ್ಟುಕೊಂಡ ವ್ಯಾಪಾರಿ. ರಸ್ತೆ ಅಗಲವಾಗಬೇಕು ಎಂಬುದರಲ್ಲಿ ಇವರಿಗೆ ಅನುಮಾನವಿಲ್ಲ, ಅದು ಎದುರುಗಡೆಯ ಸಾಲಿನಿಂದಲೇ ಅಗಲವಾಗಬೇಕು ಎಂಬುದರಲ್ಲಿಯೂ ಇಲ್ಲ. ಸರ್ಕಾರಿ ಸದಸ್ಯರು ಬಂದು, ಸಹಿ ಮಾಡಿ, ಮತ್ತೊಂದು ಮೀಟಿಂಗಿಗೆ ಹೋಗುತ್ತಾರೆ. ಮಹಿಳಾ ಸದಸ್ಯೆಯ ಹೆಸರಿನ ಫಲಕದ ಹಿಂದೆ ಬಹಳ ಕಡೆ ಅವರ ಯಜಮಾನರು ಕೂತಿರುತ್ತಾರೆ. ಅಪರೂಪಕ್ಕೆ ಯಜಮಾನರಿಗೆ ಬೇರೆ ಕೆಲಸ ಬಿದ್ದು ಬಾಯಿಯವರೇ ಬಂದ ದಿನ ಸಭೆಯ ದಿಕ್ಕು ತಪ್ಪುತ್ತದೆ. ‘ಬನಶಂಕರಿಗೆ ಬುಟ್ಟಿ ಹೊತ್ತು ರೊಟ್ಟಿ ಮಾರಾಕ ಹೋಗೂ ಹೆಣ್ಮಕ್ಕಳು ನಮ್ಮೂರಾಗ ಬಸ್ ಕಾಯ್ತಾರ. ಅವ್ರು ಹೊರಕಡೆಗೆ ಎಲ್ಲಿಗೆ ಹೋಗಬೇಕ್ರಿ?’ ಎಂದು ಒಬ್ಬಾಕೆ ಕೇಳಿದಾಗ ಕೋಣೆಯಲ್ಲಿದ್ದ ಗಂಡಸರೆಲ್ಲ ಚಹಾದ ಕಪ್ಪಿನೊಳಗೆ ನೋಡಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಕೆನೆಮೊಸರನ್ನು ಗುಡಿಯ ಮರದಡಿ ಆ ಹೆಣ್ಣುಮಕ್ಕಳ ಕೈಯಿಂದ ತಿಂದು ಬಂದವರೇ ಎಲ್ಲರೂ. ಆ ವಿಷಯಕ್ಕೆ ಚರ್ಚೆಯಾಗಲಿಲ್ಲ, ಹಾಗಾಗಿ ಮಂಜೂರಾಯಿತು. ಊರಿನ ಬಸ್‌ ನಿಲ್ದಾಣದ ಬಳಿ ಇಂದಿಗೂ ನಿಂತಿರುವ ಅಭಿವೃದ್ಧಿ ಎಂದರೆ ಆ ಶೌಚಾಲಯ.

ಎಲ್ಲಕ್ಕಿಂತ ವಿಸ್ತಾರವಾಗಿ ವಿವರಿಸಬೇಕಾದ ಪ್ರಭೇದ ಇತಿಹಾಸಪ್ರಿಯ ಸದಸ್ಯರದು. ಇವರು ಸಾಮಾನ್ಯವಾಗಿ ನಿವೃತ್ತ ಮಾಸ್ತರರು. ಅಧ್ಯಕ್ಷರಿಂದ ಜವಾನರವರೆಗೆ ಎಲ್ಲರಿಗೂ ‘ಗುರುಗಳು’. ಅರ್ಧ ಆಫೀಸು ಇವರ ಕೈಯಲ್ಲಿ ಕಲಿತದ್ದು, ಆದ್ದರಿಂದ ಯಾರಿಗೂ ಇವರನ್ನು ತಡೆಯುವ ಧೈರ್ಯವಿಲ್ಲ. ಎಇಇ ಸಾಹೇಬರ ಎಸ್ಟಿಮೇಟಿನಲ್ಲಿ ಕೂಡಿಸುವ ಲೆಕ್ಕ ತಪ್ಪಿದರೆ ‘ಏಳನೇತ್ತಾದಾಗೂ ನೀ ಹಿಂಗ ಮಾಡ್ತಿದ್ದಿ’ ಎನ್ನುತ್ತಾರೆ. ಈ ಪ್ರಭೇದದ ಮುಖ್ಯ ಲಕ್ಷಣ ಸ್ವಾಗತ ಕಮಾನು. ಗಟಾರದ ಚರ್ಚೆ ನಡೆಯಲಿ, ನೀರಿನ ಪೈಪಿನದಿರಲಿ, ಬೀದಿದೀಪದ್ದಿರಲಿ, ಅದು ಕೊನೆಗೆ ಕಮಾನಿಗೆ ಬಂದು ಮುಟ್ಟುತ್ತದೆ.

ಬಾದಾಮಿ ಸೀಮೆಯ ಒಂದು ಸಮಿತಿಯಲ್ಲಿ ಗಮನಿಸಲಾದ ಕಮಾನಿನ ಬೆಳವಣಿಗೆ ಹೀಗಿದೆ. ಗುರುಗಳು ಮೊದಲು ತೋರಿಸಿದ ಜಾಗ ಒಂದು ಹಳೆಯ ಗುಡಿಯ ಎದುರು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ‘ಗುರುಗಳ, ಅಲ್ಲಿ ಕಟ್ಟಾಕ ಬರೂದಿಲ್ರಿ. ಪುರಾತತ್ವದವ್ರು ಬಿಡೂದಿಲ್ಲ’ ಎಂದರು ಎಇಇ. ‘ನಾವು ಕಟ್ಟೂದೂ ಚಾಲುಕ್ಯರ ಶೈಲಿನ ಐತೆಲ್ಲೋ’ ಎಂಬುದು ಗುರುಗಳ ವಾದ. ಹದಿಮೂರು ನೂರು ವರ್ಷದ ಅಸಲು ಕಲ್ಲಿನ ಮುಂದೆ ಸಿಮೆಂಟಿನ ಚಾಲುಕ್ಯರನ್ನು ನಿಲ್ಲಿಸಲು ಕಾಯ್ದೆ ಒಪ್ಪಲಿಲ್ಲ. ಕಮಾನು ಹೆದ್ದಾರಿಗೆ ಸರಿಯಿತು, ಅಲ್ಲಿ ಹೆದ್ದಾರಿಯವರ ತಕರಾರು ಬಂತು. ಇನ್ನೂ ಮುಂದೆ ಸರಿದಾಗ ಪಕ್ಕದ ಗ್ರಾಮ ಪಂಚಾಯಿತಿಯವರು, ನಿಮ್ಮ ಊರು ನಮ್ಮ ಹೊಲದಾಗ ಯಾಕ ಸುರು ಆಗಬೇಕು ಎಂದು ಪತ್ರ ಬರೆದರು.

ಜಾಗ ಹೋಗಲಿ, ಎತ್ತರದ ಪ್ರಶ್ನೆ ಎದ್ದಿತು. ಕಬ್ಬಿನ ಟ್ರ್ಯಾಕ್ಟರು ದಾಟಬೇಕು, ಕಣಿಕಿ ಹೇರಿದ ಲಾರಿ ದಾಟಬೇಕು, ಬನಶಂಕರಿ ಜಾತ್ರೆಗೆ ಬಾಗಿಲು ಚೌಕಟ್ಟು ಹೊತ್ತು ಹೋಗುವ ಗಾಡಿ ದಾಟಬೇಕು, ನಾಟಕ ಕಂಪನಿಯ ರಂಗಸಜ್ಜಿಕೆ ದಾಟಬೇಕು. ಇವೆಲ್ಲ ದಾಟುವಷ್ಟು ಎತ್ತರಿಸಿದರೆ ಅದರ ಮೇಲೆ ಬರೆದ ಊರಿನ ಹೆಸರು ಓದಲು ಬರುವುದಿಲ್ಲ. ಆಮೇಲೆ ಕಂಬಗಳ ಮೇಲಿನ ಮೂರ್ತಿಗಳು. ಕಮಾನಿಗೆ ಕಂಬ ಎರಡೇ. ನಾಡಿನಲ್ಲಿ ಮಹಾಪುರುಷರು ಅನೇಕ. ಇಮ್ಮಡಿ ಪುಲಿಕೇಶಿಯ ಬಗ್ಗೆ ಒಮ್ಮತವಿತ್ತು, ಎರಡನೆಯ ಕಂಬದ ಬಗ್ಗೆ ಇರಲಿಲ್ಲ. ಪ್ರತಿಯೊಬ್ಬ ಸದಸ್ಯರೂ ತಮ್ಮ ಸಮಾಜದ ಪರವಾಗಿ ಒಂದು ಹೆಸರು ಸೂಚಿಸಿದರು, ಯಾರ ಹೆಸರನ್ನೂ ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಕಂಬಗಳ ಸಂಖ್ಯೆಯನ್ನೇ ಹೆಚ್ಚಿಸುವುದೆಂದು ತೀರ್ಮಾನವಾಯಿತು. ‘ಇದು ಕಮಾನ ಉಳಿಯೂದಿಲ್ರಿ ಗುರುಗಳ, ಮೂಡಬಿದಿರಿ ಸಾವಿರ ಕಂಬದ ಬಸದಿ ಆಗತೈತಿ’ ಎಂದು ಎಇಇ ಕೈಮುಗಿದರು. ಗುರುಗಳು ಬೇಸರಿಸಲಿಲ್ಲ. ಚೀಲದಿಂದ ಹೊಸ ನಕ್ಷೆ ತೆಗೆದರು. ಅದರಲ್ಲಿ ಪುಲಿಕೇಶಿಯ ಒಂದು ಮುಖ ಊರಿನ ಒಳಕ್ಕೂ ಇನ್ನೊಂದು ಹೊರಕ್ಕೂ ನೋಡುತ್ತಿತ್ತು.

ಇಲ್ಲಿ ನಡಾವಳಿಯ ಗುಮಾಸ್ತನ ವಿಷಯ. ಮೂರು ತಾಸಿನ ಇಂಥ ಮಾತನ್ನು ‘ಕೂಲಂಕಷವಾಗಿ ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು’ ಎಂಬ ಒಂದು ಸಾಲಿಗೆ ಇಳಿಸುವುದು ಅವನ ಕಸುಬು. ತಾನು ಬರಹಗಾರನೆಂಬ ಭ್ರಮೆ ಅವನಿಗೆ ಇರುವುದುಂಟು. ಪತ್ರಿಕೆಗಳಿಗೆ ಹಾಸ್ಯ ಲೇಖನ ಕಳಿಸುತ್ತಾನೆ, ಅಂಚೆಚೀಟಿ ಹಚ್ಚದ್ದರಿಂದ ಅವು ಮರಳಿ ಬರುವುದಿಲ್ಲ. ಅವನ ಗದ್ಯದಲ್ಲಿ ಕ್ರಿಯಾಪದಗಳೆಲ್ಲ ‘ಲಾಯಿತು’ ಎಂದು ಮುಗಿಯುವುದು ವೃತ್ತಿದೋಷ. ಸದಸ್ಯರನ್ನು ಕಂಡರೆ ಅವನಿಗೆ ಸಿಟ್ಟಿದೆಯೇ ಪ್ರೀತಿಯಿದೆಯೇ ಎಂಬುದು ಅವನಿಗೇ ಖಚಿತವಿಲ್ಲ.

ಕಮಾನಿನ ಮೂಲ ಕಾರಣವೂ ಹೊರಬಿದ್ದದ್ದು ಸಭೆಯಲ್ಲಲ್ಲ, ಸಭೆಗೆ ಮುಂಚಿನ ಆ ಒಂದೂವರೆ ತಾಸಿನಲ್ಲಿ. ಗುರುಗಳು ಮುಳುಗಡೆಯವರು. ಹಳೇ ಬಾಗಲಕೋಟೆಯ ಓಣಿಯೊಂದರಲ್ಲಿ ಮೂರು ತಲೆಮಾರಿನ ಮನೆ ಇತ್ತು. ಪರಿಹಾರ ಬಂತು, ನವನಗರದಲ್ಲಿ ನಿವೇಶನವೂ ಬಂತು. ನವನಗರ ಹಾಗೆ ಸುಮ್ಮನೆ ಎದ್ದ ಊರಲ್ಲ. 1980ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಕೈಹಾಕಿದ ಯೋಜನೆ. ಅಗಲ ರಸ್ತೆ, ಗಿಡಮರ, ಸೆಕ್ಟರ್ ನಂಬರು ಎಲ್ಲ ಇದ್ದವು. ಗುರುಗಳ ತಾಯಿಗೆ ಮಾತ್ರ ಸೆಕ್ಟರ್ ನಂಬರು ಬಾಯಿಗೆ ಹತ್ತಲಿಲ್ಲ. ಸಂತೆಯಿಂದ ಬರುವಾಗ ಆಟೋದವನು ಎಲ್ಲಿ ಇಳಿಸಲಿ ಎಂದರೆ ಆಕೆ ಹಳೆಯ ಓಣಿಯ ಹೆಸರು ಹೇಳುತ್ತಿದ್ದಳಂತೆ. ಅವನು ನಿಜವಾಗಿಯೂ ಕೆಳಗಿನ ಊರಿನ ಹಿನ್ನೀರಿನ ದಂಡೆಗೆ ಒಯ್ದು ಇಳಿಸಿದ ದಿನವೂ ಇತ್ತಂತೆ. ‘ಊರು ಇಲ್ಲಿಂದ ಸುರು ಅಂತ ಒಂದು ಗುರ್ತು ಇರಬೇಕೋ ತಮ್ಮಾ’ ಎಂದರು ಗುರುಗಳು. ನವನಗರದ ನಿವೇಶನ ಮಾರಿ ಹೆಂಡತಿಯ ತವರೂರಿಗೆ ಬಂದು ನೆಲೆಸಿದ್ದು ಆಮೇಲೆ. ಇದಕ್ಕೆ ವಿಷಯ ಸಂಖ್ಯೆ ಇಲ್ಲದ್ದರಿಂದ ನಡಾವಳಿಯಲ್ಲಿ ದಾಖಲಾಗಲಿಲ್ಲ. ಇಷ್ಟು ಹೇಳಿ ಅವರು ಸುಮ್ಮನಾಗಿದ್ದರೆ ಗುಮಾಸ್ತನ ಕಣ್ಣು ಒದ್ದೆಯಾಗುತ್ತಿತ್ತು. ಅವರು ಚೀಲಕ್ಕೆ ಕೈಹಾಕಿ ಕಮಾನಿಗೆ ಬಣ್ಣದ ದೀಪಗಳ ಕೊಟೇಶನ್ ತೆಗೆದರು.

ಸದಸ್ಯರಿಗೆಲ್ಲ ಸಮಾನವಾದ ಇನ್ನೊಂದು ಲಕ್ಷಣ ಶಿಲಾಫಲಕ. ಕಾಮಗಾರಿ ಸಿಮೆಂಟಿನದಾದರೂ ಫಲಕ ಇಳಕಲ್ಲಿನ ಕೆಂಪು ಗ್ರಾನೈಟೇ ಆಗಬೇಕು, ಹೆಸರುಗಳ ಸರದಿ ತಪ್ಪಬಾರದು. ಸರದಿ ತಪ್ಪಿದ್ದಕ್ಕೆ ಉದ್ಘಾಟನೆ ನಿಂತ ಉದಾಹರಣೆಗಳಿವೆ, ಕಾಮಗಾರಿ ಮುಗಿಯದ್ದಕ್ಕೆ ನಿಂತದ್ದು ಕಡಿಮೆ. ಈ ಚಟ ಈ ಭಾಗಕ್ಕೆ ಹೊಸದಲ್ಲ. ಬಾದಾಮಿಯ ಮೂರನೇ ಗುಹೆಯನ್ನು ಮಾಡಿಸಿದ ಮಂಗಳೇಶ ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಅಲ್ಲಿಯೇ ಶಾಸನ ಹಾಕಿಸಿದ್ದಾನೆ. ವ್ಯತ್ಯಾಸವೆಂದರೆ ಅವನು ಗುಹೆಯನ್ನು ಪೂರ್ತಿ ಕೊರೆಸಿದ ಮೇಲೆ ಬರೆಸಿದ, ಬಂದ ಪುಣ್ಯವನ್ನೂ ಅಣ್ಣ ಕೀರ್ತಿವರ್ಮನಿಗೆ ಬಿಟ್ಟುಕೊಟ್ಟ. ಗುರುಗಳಿಗೆ ಇದು ಬಾಯಿಪಾಠ. ಶೌಚಾಲಯದ ಫಲಕದಲ್ಲಿ ತಮ್ಮ ಹೆಸರು ಬೇಡವೆಂದು ಪಟ್ಟು ಹಿಡಿದವರು ಸಮಿತಿಯಲ್ಲಿ ಅವರೊಬ್ಬರೇ. ಮಂಗಳೇಶನ ಪ್ರಭಾವವೋ, ಶೌಚಾಲಯವೆಂಬ ಸಂಕೋಚವೋ ತಿಳಿಯಲಿಲ್ಲ.

ಸದಸ್ಯತ್ವ ಮುಗಿಯುವ ಬಗೆ ಸರಳ. ನಾಮನಿರ್ದೇಶನ ಸರ್ಕಾರದ ಮರ್ಜಿಯದು. ಸರ್ಕಾರ ಬದಲಾದರೆ ಒಂದು ಸಾಲಿನ ಆದೇಶ ಬರುತ್ತದೆ. ಕಾರ್ಯಕರ್ತ ಸದಸ್ಯನ ಗಾಡಿಯ ಮೇಲಿನ ಹೆಸರಿನ ಹಿಂದೆ ‘ಮಾಜಿ’ ಎಂಬುದು ಸಣ್ಣ ಅಕ್ಷರದಲ್ಲಿ ಸೇರುತ್ತದೆ. ವ್ಯಾಪಾರಿ ಸದಸ್ಯರು ಹೊಸ ಪಕ್ಷದ ಪಟ್ಟಿಯಲ್ಲಿಯೂ ಇರುವುದರಿಂದ ಅವರಿಗೆ ಖುರ್ಚಿ ಬಿಡುವ ಪ್ರಸಂಗ ಬರುವುದಿಲ್ಲ. ಇತಿಹಾಸಪ್ರಿಯರು ಆದೇಶವನ್ನು ಓದಿ, ಅದರಲ್ಲಿಯ ಕಾಗುಣಿತ ತಿದ್ದಿ, ಚೀಲದಲ್ಲಿಟ್ಟುಕೊಳ್ಳುತ್ತಾರೆ. ಸಭೆಯ ದಿನ ಹತ್ತೂವರೆಗೆ ಬರುವುದನ್ನು ನಿಲ್ಲಿಸುವುದಿಲ್ಲ; ಒಳಗೆ ಕೂಡುವ ಬದಲು ಪಡಸಾಲೆಯ ಬಾಕಿನ ಮೇಲೆ ಕೂಡುತ್ತಾರೆ. ಮಾಜಿ ಸದಸ್ಯರಿಗೆ ಸಭೆಯ ಖರ್ಚಿನಲ್ಲಿ ಚಹಾ ಕೊಡಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಏನೂ ಇಲ್ಲ. ವಾಡಿಕೆಯಲ್ಲಿ ಕೊಡಲಾಗುತ್ತದೆ, ಎರಡು ಮಿರ್ಚಿ ಭಜಿಯ ಸಹಿತ. ವೆಚ್ಚವನ್ನು ‘ಇತರೆ’ ಎಂಬ ಬಾಬಿನಲ್ಲಿ ತೋರಿಸಲಾಗುತ್ತದೆ.