‘ಈ ಸಲ’ ಎಂಬ ಅನಾದಿ ಕಾಲವಾಚಕ: ಕೆಂಚಾರ್ಲಹಳ್ಳಿಯ ಆರ್‌ಸಿಬಿ ಮೀಮಾಂಸೆ

ಅರಿಕೆ

ಈ ಪ್ರಬಂಧವನ್ನು ಯಾವ ವಿಶ್ವವಿದ್ಯಾಲಯಕ್ಕೂ ಸಲ್ಲಿಸಿಲ್ಲ. ಯಾವ ವಿಶ್ವವಿದ್ಯಾಲಯವೂ ಕೇಳಿರಲಿಲ್ಲ. ಮಾರ್ಗದರ್ಶಕರಾಗಿ ಒದಗಿದವರು ಟೀ ಅಂಗಡಿಯ ಅಣ್ಣ. ಅವರು ಕೊಟ್ಟ ಏಕೈಕ ಮಾರ್ಗದರ್ಶನ: “ಬೆಂಚಿನ ಆ ತುದೀಗೆ ಕೂತ್ಕೊಬ್ಯಾಡ, ಈ ಕಡೆಯೋರು ಎದ್ರೆ ಮಗುಚ್ಕೊಳ್ತದೆ.” ಸಂಶೋಧನೆಯ ಉದ್ದಕ್ಕೂ ಪ್ರಬಂಧಕಾರ ಈ ಸೂತ್ರವನ್ನು ಪಾಲಿಸಿದ್ದಾನೆ. ಟೀ ಲೆಕ್ಕದಲ್ಲಿ ಅಲ್ಪ ಮೊತ್ತದ ಬಾಕಿ ಉಳಿದಿದೆ.

1. ಕ್ಷೇತ್ರ ಮತ್ತು ವಿಧಾನ

ಚಿಂತಾಮಣಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೆಂಚಾರ್ಲಹಳ್ಳಿಯನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲು ಕಾರಣ, ಪ್ರಬಂಧಕಾರ ಹತ್ತಿದ ಬಸ್ಸು ಅಲ್ಲಿ ಕೆಟ್ಟು ನಿಂತದ್ದು. ಪ್ರಬಂಧಗಳಲ್ಲಿ ಹಾಗೆ ಬರೆಯುವ ಪದ್ಧತಿ ಇಲ್ಲವಾದ್ದರಿಂದ ಮೂರು ಶಾಸ್ತ್ರೀಯ ಕಾರಣಗಳನ್ನು ಕೊಡಲಾಗಿದೆ.

ಒಂದು: ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ರಾಯಲ್ ಚಾಲೆಂಜರ್ಸ್ ಎಂಬ ಆರ್‌ಸಿಬಿ ಕಣಕ್ಕಿಳಿದದ್ದು 2008ರಲ್ಲಿ. ಎರಡೂ ಒಂದೇ ಓರಗೆಯವು. ಜಿಲ್ಲೆಗೆ ಹುಟ್ಟಿದಾಗಿನಿಂದ ನೀರಿಲ್ಲ, ತಂಡಕ್ಕೆ ಹುಟ್ಟಿದಾಗಿನಿಂದ ಬೌಲಿಂಗ್ ಇಲ್ಲ. ಎರಡು: ಇಲ್ಲಿ ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ, ಒಂದೇ ಸೋಲನ್ನು ಎರಡು ಭಾಷೆಯಲ್ಲಿ ಬೈಯುವ ಅನುಕೂಲ ರಾಜಧಾನಿಯವರಿಗೆ ಎಲ್ಲಿಂದ ಬರಬೇಕು? ಮೂರು: ಇದು ಹರಾಜು ಬಲ್ಲ ಸೀಮೆ. ರೇಷ್ಮೆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ, ಟೊಮೆಟೊ ಚಿಂತಾಮಣಿ ಮಂಡಿಗೆ. ಆಟಗಾರರ ಹರಾಜನ್ನು ಟಿ.ವಿ.ಯಲ್ಲಿ ನೋಡುವಾಗ ಇವರು ಪ್ರೇಕ್ಷಕರಲ್ಲ, ಪರಿಣತರು.

ಮಾಹಿತಿದಾರರು ಮೂವರು. ‘ತಾತ’: ಮೂರು ತಲೆಮಾರಿನ ಮಳೆ ನೋಡಿದವರು. ‘ಬೋರ್ ಮಾವ’: ಸ್ವಂತ ಜಮೀನಿನಲ್ಲಿ ಐದು ಕೊಳವೆ ಬಾವಿ ಕೊರೆಸಿ, ಅವುಗಳ ಪೈಕಿ ನಾಲ್ಕನ್ನು ಕಲ್ಲುಚಪ್ಪಡಿಯಿಂದ ಮುಚ್ಚಿದವರು. ‘ಬಾಕ್ಸ್ ಹುಡುಗ’: ಟೊಮೆಟೊ ಬಾಕ್ಸ್ ಲೋಡು ಮಾಡುವವನು, ಬೆನ್ನ ಮೇಲೆ 18ನೇ ನಂಬರಿನ ಕೆಂಪು ಜೆರ್ಸಿ, ತೋಳಿನಲ್ಲಿ ಹರಿದಿದೆ. ಮಾದರಿಯ ಗಾತ್ರ ಚಿಕ್ಕದಾಯಿತೆಂಬ ಆಕ್ಷೇಪ ಬರಬಹುದು. ಬೆಂಚು ಅಷ್ಟೇ ಇತ್ತು.

2. ಸೋಲಿನ ಶಾಸನಗಳು

ಮೊದಲ ಶಾಸನದ ತಾರೀಖು 18 ಏಪ್ರಿಲ್ 2008, ಸ್ಥಳ ಚಿನ್ನಸ್ವಾಮಿ ಕ್ರೀಡಾಂಗಣ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಂ ಒಬ್ಬನೇ ಔಟಾಗದೆ 158. ರಾಹುಲ್ ದ್ರಾವಿಡ್ ನಾಯಕತ್ವದ ನಮ್ಮವರೆಲ್ಲ ಸೇರಿ 82. ಅದರಲ್ಲೂ ಹೆಚ್ಚು ರನ್ ಗಳಿಸಿಕೊಟ್ಟದ್ದು ಎಕ್ಸ್‌ಟ್ರಾ: 19. ಎಂದರೆ ನಮ್ಮ ಪಾಲಿಗೆ ಅಂದು ಅತ್ಯುತ್ತಮವಾಗಿ ಆಡಿದವರು ಎದುರಾಳಿಗಳೇ. ಮೊದಲ ರಾತ್ರಿಯೇ ಹೀಗಾದ ಮೇಲೂ ಅಭಿಮಾನಿಗಳು ತವರಿಗೆ ಹೋಗದೆ ಸಂಸಾರ ಮಾಡಿದರೆಂಬುದನ್ನು ಸಮಾಜಶಾಸ್ತ್ರಜ್ಞರು ಗಮನಿಸಬೇಕು.

ಮುಂದೆ 2009ರ ಫೈನಲ್. ಜೊಹಾನ್ಸ್‌ಬರ್ಗ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ ಕಡಿಮೆ ಬಿತ್ತು. 2011ರಲ್ಲಿ ಚೆನ್ನೈ ಎದುರು 58. 2016ರಲ್ಲಿ, ನಮ್ಮದೇ ಅಂಗಳದಲ್ಲಿ, ಸನ್‌ರೈಸರ್ಸ್ ಎದುರು 8. ಮೂರು ಫೈನಲ್‌ಗಳಲ್ಲಿ ಎರಡನ್ನು ಹೈದರಾಬಾದಿಗೆ ಒಪ್ಪಿಸಿದ್ದು ಗಡಿಸೀಮೆಗೆ ಬರಿಯ ಕ್ರೀಡಾ ವಿಷಯವಲ್ಲ, ಬೀಗತನದ ವಿಷಯ. “ಸೋತಿದ್ದಕ್ಕೆ ಬೇಜಾರಿಲ್ಲ,” ಎಂದರು ಬೋರ್ ಮಾವ. “ಬೆಳಿಗ್ಗೆ ಆರಕ್ಕೇ ಮದನಪಲ್ಲಿ ಬೀಗರು ಫೋನ್ ಮಾಡಿ, ‘ಮಳೆ ಹೆಂಗೈತೆ’ ಅಂತ ಕೇಳಿದ್ರು ನೋಡು.”

2016ರ ಪ್ರಕರಣ ಪ್ರತ್ಯೇಕ ವಿವೇಚನೆಗೆ ಅರ್ಹ. ಆ ವರ್ಷ ವಿರಾಟ್ ಕೊಹ್ಲಿ ಒಬ್ಬನೇ 973 ರನ್, 4 ಶತಕ. ಆದರೂ ಕಪ್ ಇಲ್ಲ. ವಿಶ್ಲೇಷಕರು ಇದನ್ನು ವಿರೋಧಾಭಾಸವೆಂದರು. ತಾತನಿಗೆ ಇದರಲ್ಲಿ ಆಭಾಸವೇನೂ ಕಾಣಲಿಲ್ಲ: “ಬೆಳೆ ಬಂದ ವರ್ಷ ಬೆಲೆ ಇರಲ್ಲಪ್ಪ. ಟೊಮೆಟೊ ಹಾಕಿದೋರ್ನ ಕೇಳು.”

ಏಪ್ರಿಲ್ 23ರ ವಿಚಾರದಲ್ಲಿ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. 2013ರ ಆ ದಿನ ಕ್ರಿಸ್ ಗೇಲ್ 66 ಎಸೆತಕ್ಕೆ 175 ಹೊಡೆದು ತಂಡ 263 ಮುಟ್ಟಿತು. 2017ರ ಅದೇ ದಿನ ಈಡನ್ ಗಾರ್ಡನ್ಸ್‌ನಲ್ಲಿ ಇಡೀ ತಂಡ 49ಕ್ಕೆ ಆಲೌಟ್. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಒಂದೇ ತಿಥಿಗೆ ಮದುವೆ, ಅದೇ ತಿಥಿಗೆ ವೈಕುಂಠ ಸಮಾರಾಧನೆ.

ಬೌಲಿಂಗ್ ಕುರಿತು ಸ್ಥಳಪುರಾಣವನ್ನು ಉಲ್ಲೇಖಿಸದೆ ಮುಂದುವರಿಯುವುದು ಅಪಚಾರ. ಇದೇ ತಾಲ್ಲೂಕಿನ ಕೈವಾರವೇ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದ ಜಾಗ ಎಂಬುದು ಇಲ್ಲಿನ ನಂಬಿಕೆ. ಆ ಊರಿನವರು ಬಕನಿಗೆ ಸರದಿಯ ಮೇಲೆ ಒಂದು ಬಂಡಿ ಅನ್ನ, ಜೊತೆಗೊಬ್ಬ ಮನುಷ್ಯನನ್ನು ಕಳಿಸುತ್ತಿದ್ದರಷ್ಟೆ. ಚಿನ್ನಸ್ವಾಮಿಯ ಚಿಕ್ಕ ಬೌಂಡರಿಯಲ್ಲಿ ನಮ್ಮ ತಂಡ ಬೌಲರ್‌ಗಳನ್ನು ಕಳಿಸಿಕೊಟ್ಟದ್ದು ಇದೇ ಕ್ರಮದಲ್ಲಿ. 2016ರ ಫೈನಲ್‌ನಲ್ಲಿ ಸರದಿ ಶೇನ್ ವಾಟ್ಸನ್‌ದು: 4 ಓವರಿಗೆ 61. 2024ರ ಏಪ್ರಿಲ್ 15ರಂದು ಊರಿಗೆ ಊರೇ ಬಂಡಿ ಹತ್ತಿತು. ಹೈದರಾಬಾದ್ 287 ಉಂಡು ಎದ್ದಿತು.

3. ದರ್ಶನಭೇದ

ಟೀ ಅಂಗಡಿಯಲ್ಲಿ ಮೂರು ಮತಗಳು ಪ್ರಚಲಿತ. ಅದ್ವೈತಿಗಳ ಪ್ರಕಾರ ಕೊಹ್ಲಿಯೇ ಆರ್‌ಸಿಬಿ, ಆರ್‌ಸಿಬಿಯೇ ಕೊಹ್ಲಿ. ಉಳಿದ ಹತ್ತು ಜನ ಮಾಯೆ. ವಿಶಿಷ್ಟಾದ್ವೈತಿಗಳಿಗೆ ತಂಡ ಶರೀರ, ಕೊಹ್ಲಿ ಅದರ ಆತ್ಮ. ಶರೀರಕ್ಕೆ ಡೆತ್ ಓವರ್ ಬಂದಾಗ ಆತ್ಮವು ಲಾಂಗ್ ಆನ್‌ನಲ್ಲಿ ನಿಂತು ನೋಡುತ್ತದೆ. ದ್ವೈತಿಗಳು ಭೇದವನ್ನು ಖಚಿತವಾಗಿ ಒಪ್ಪುತ್ತಾರೆ: ಗೆದ್ದರೆ ಕೊಹ್ಲಿ ಗೆದ್ದ, ಸೋತರೆ ತಂಡ ಸೋತಿತು.

ಚಾರ್ವಾಕರೂ ಇದ್ದಾರೆ. ಒಬ್ಬ ಚೆನ್ನೈ ಅಭಿಮಾನಿ. ಆತನಿಗೆ ಟೀ ಕೊನೆಗೆ ಬರುತ್ತದೆ.

ಪ್ರಬಂಧಕಾರನಾದರೋ ಇದೇ ಜಿಲ್ಲೆಯ, ಗೌರಿಬಿದನೂರು ಸೀಮೆಯ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಪಂಥದವನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ವಿಚಾರವಾದಿ ಅವರು. ಆ ಸಮಿತಿ ಇಂದಿಗೂ ಇದ್ದಿದ್ದರೆ 2024ರ ಋತುವನ್ನು ಅದರ ಮುಂದಿಡಬಹುದಿತ್ತು. ಮೊದಲ 8 ಪಂದ್ಯಗಳಲ್ಲಿ 7 ಸೋಲು. ಆಮೇಲೆ ಸಾಲಾಗಿ 6 ಗೆಲುವು. ಮೇ 18ರಂದು ಮಳೆಯ ನಡುವೆ ಚೆನ್ನೈಯನ್ನು 27 ರನ್ನಿನಿಂದ ಸೋಲಿಸಿ ಪ್ಲೇಆಫ್ ಪ್ರವೇಶ. ಪವಾಡವೆಂದು ಊರು ನಂಬಿತು. ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಸೋತು ತಂಡವೇ ವೈಜ್ಞಾನಿಕ ಮನೋಭಾವವನ್ನು ಎತ್ತಿಹಿಡಿಯಿತು.

4. ಹರಾಜು ಮತ್ತು ಪಿನಾಕಿನೀ ಸಿದ್ಧಾಂತ

ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ರೀಲರ್ ಗೂಡನ್ನು ಕೈಗೆ ತಗೊಂಡು, ಒತ್ತಿ, ಕಿವಿಯ ಹತ್ತಿರ ಅಲುಗಿಸಿ, ಆಮೇಲೆ ಬೆಲೆ ಕಟ್ಟುತ್ತಾನೆ. ನಮ್ಮ ತಂಡ ಅಲುಗಿಸಿ ನೋಡಿದ್ದಕ್ಕೆ ದಾಖಲೆಯಿಲ್ಲ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ, ಒಂದೇ ಋತುವಿನ ನಂತರ ಬಿಡುಗಡೆ. 2017ರಲ್ಲಿ ಟೈಮಲ್ ಮಿಲ್ಸ್‌ಗೆ 12 ಕೋಟಿ. ಆ ವರ್ಷ ಕೊನೆಯ ಸ್ಥಾನ. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ, ಫಲ 9 ವಿಕೆಟ್. ವಿಕೆಟ್ಟಿಗೆ ಎಷ್ಟು ಬಿತ್ತೆಂದು ಬಾಕ್ಸ್ ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಉತ್ತರ ನೋಡಿ ಮೊಬೈಲನ್ನು ಜೇಬಿಗಿಟ್ಟ.

ಕೊಂಡದ್ದಕ್ಕಿಂತ ಬಿಟ್ಟದ್ದರ ಪಟ್ಟಿ ನೋವಿನದು. ಇದನ್ನು ಪ್ರಬಂಧಕಾರ ‘ಪಿನಾಕಿನೀ ಸಿದ್ಧಾಂತ’ ಎಂದು ಕರೆಯಲು ಬಯಸುತ್ತಾನೆ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗಿ ನದಿಯಾಗುತ್ತದೆ. ಪಾಲಾರ್ ಹೆಸರು ಮಾಡುವುದು ತಮಿಳುನಾಡಿನಲ್ಲಿ. ಹುಟ್ಟಿದ ಜಿಲ್ಲೆಗೆ ಉಳಿಯುವುದು ಮರಳು, ಅದನ್ನೂ ರಾತ್ರಿ ಲಾರಿಗಳು ಒಯ್ಯುತ್ತವೆ. ಈಗ ಆಟಗಾರರನ್ನು ನೋಡಿ. ಮನೀಷ್ ಪಾಂಡೆ: 2009ರಲ್ಲಿ ಐಪಿಎಲ್ ಶತಕ ಹೊಡೆದ ಮೊದಲ ಭಾರತೀಯ, ಆಗ ನಮ್ಮವನು. 2014ರ ಫೈನಲ್‌ನಲ್ಲಿ 94 ಹೊಡೆದು ಕಪ್ ಗೆಲ್ಲಿಸಿದಾಗ ಕೋಲ್ಕತ್ತದವನು; ಹೊಡೆದದ್ದು ಚಿನ್ನಸ್ವಾಮಿಯಲ್ಲೇ. ರಾಬಿನ್ ಉತ್ತಪ್ಪ: ಅದೇ ವರ್ಷ ಅದೇ ಕೋಲ್ಕತ್ತಕ್ಕೆ ಆರೆಂಜ್ ಕ್ಯಾಪ್. ಕೆ.ಎಲ್. ರಾಹುಲ್: 2018ರಲ್ಲಿ ಕೈಬಿಟ್ಟೆವು, 2020ರಲ್ಲಿ ಪಂಜಾಬಿಗೆ 670 ರನ್. ಯಜುವೇಂದ್ರ ಚಹಲ್: 2022ರಲ್ಲಿ ರಾಜಸ್ಥಾನಕ್ಕೆ 27 ವಿಕೆಟ್. ಕೊನೆಗೆ ಆ 61 ರನ್ನಿನ ವಾಟ್ಸನ್ ಕೂಡ 2018ರ ಫೈನಲ್‌ನಲ್ಲಿ ಚೆನ್ನೈಗೆ ಔಟಾಗದೆ 117. ತಾತ ಇದನ್ನು ಒಂದೇ ವಾಕ್ಯಕ್ಕೆ ಇಳಿಸಿದರು: “ನಮ್ಮ ಮನ್ಯಾಗೆ ಹಾಲು ಕರೀದ ಹಸ, ಮಾರಿದ ಮೇಲೆ ಡೈರಿ ತುಂಬಿಸ್ತು.”

5. ವ್ಯಾಕರಣ ಪ್ರಕರಣ

‘ಈ ಸಲ ಕಪ್ ನಮ್ದೇ’ ಎಂಬ ಮಹಾವಾಕ್ಯದಲ್ಲಿ ಕ್ರಿಯಾಪದವಿಲ್ಲ. ಕ್ರಿಯೆ ನಡೆಯದೆ ಇದ್ದದ್ದರಿಂದ ಇದು ದೋಷವಲ್ಲ. ಜೀವಾಳವಿರುವುದು ಕೊನೆಯ ‘ಏ’ಕಾರದಲ್ಲಿ. ಶಾಲೆಯ ವ್ಯಾಕರಣದಲ್ಲಿ ಇದು ಅವಧಾರಣಾರ್ಥಕ ಅವ್ಯಯ: ಹಲವುಗಳಲ್ಲಿ ಒಂದನ್ನೇ ಒತ್ತಿ ನಿರ್ಧರಿಸುವುದು. ಹದಿಮೂರನೇ ಶತಮಾನದ ಕೇಶಿರಾಜ ಐಪಿಎಲ್ ನೋಡಿರಲಿಲ್ಲವಾದ್ದರಿಂದ ಒಂದು ಸೂತ್ರ ಬಿಟ್ಟುಹೋಗಿದೆ. ಅದನ್ನು ಪ್ರಬಂಧಕಾರ ತುಂಬುತ್ತಾನೆ: ಕೈಗೆ ಬಂದದ್ದಕ್ಕೆ ‘ಏ’ ಹತ್ತುವುದಿಲ್ಲ. ತನ್ನ ಮನೆಯ ಎಮ್ಮೆಯನ್ನು ಯಾರೂ ‘ನಮ್ದೇ’ ಎನ್ನುವುದಿಲ್ಲ, ‘ನಮ್ದು’ ಎನ್ನುತ್ತಾರೆ. ಬೇಲಿಯ ತಂಟೆ ಇರುವ ಜಮೀನಿಗೆ ಮಾತ್ರ ‘ನಮ್ದೇ’. ಪುರಾವೆ ಬೇಕಿದ್ದವರು 2024ರ ಮಾರ್ಚ್ 17ನ್ನು ನೋಡಬಹುದು. ದೆಹಲಿಯಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳು ಕಪ್ ಎತ್ತಿದ ರಾತ್ರಿ ನಾಯಕಿ ಸ್ಮೃತಿ ಮಂದಾನ ‘ನಮ್ದೇ’ ಬಿಟ್ಟು ‘ನಮ್ದು’ ಎಂದರು. ಮುಂಬೈಯಲ್ಲಿ ಹುಟ್ಟಿದ ಹುಡುಗಿಗೆ ನಮ್ಮ ವ್ಯಾಕರಣ ನಮಗಿಂತ ಮೊದಲು ತಿಳಿಯಿತು. ಗಂಡಸರ ತಂಡಕ್ಕೆ ಹದಿನಾರು ವರ್ಷ ದಕ್ಕದ್ದನ್ನು ಹೆಣ್ಣುಮಕ್ಕಳು ತಮ್ಮ ಎರಡನೇ ವರ್ಷಕ್ಕೇ ತಂದಿದ್ದರು. ಟೀ ಅಂಗಡಿ ಈ ಬಗ್ಗೆ ಹೆಚ್ಚು ಮಾತಾಡಲು ಇಷ್ಟಪಡುವುದಿಲ್ಲ.

ಕೆಂಚಾರ್ಲಹಳ್ಳಿಯ ಪಾಠಾಂತರ ‘ಈಸಾರಿ ಕಪ್ಪು ಮನದೇ’. ಕನ್ನಡಕ್ಕಿಲ್ಲದ ಒಂದು ಸೌಲಭ್ಯ ತೆಲುಗಿಗಿದೆ. ‘ಮನದಿ’ ಎಂದರೆ ಕೇಳುವವನನ್ನೂ ಸೇರಿಸಿಕೊಂಡು ನಮ್ಮದು. ‘ಮಾದಿ’ ಎಂದರೆ ನಿನ್ನನ್ನು ಬಿಟ್ಟು ನಮ್ಮದು. ಕಪ್ ಯಾವಾಗಲೂ ‘ಮನದಿ’. ಸೋಲು ಬಂದಾಗ ಮಾತ್ರ ‘ವಾಳ್ಳು’, ಅಂದರೆ ಅವರು, ಸೋತರು. 1976ರಲ್ಲಿ ಅಮೆರಿಕದ ರಾಬರ್ಟ್ ಚಾಲ್ಡೀನಿ ಎಂಬ ವಿದ್ವಾಂಸರು ವಿದ್ಯಾರ್ಥಿಗಳು ತಮ್ಮ ಫುಟ್‌ಬಾಲ್ ತಂಡ ಗೆದ್ದಾಗ ಹೆಚ್ಚಾಗಿ ‘ನಾವು’ ಎನ್ನುತ್ತಾರೆಂದು ಪ್ರಯೋಗ ಮಾಡಿ ತೋರಿಸಿದರು. ಇಲ್ಲಿ ಬಂದು ಒಂದು ಟೀ ಕುಡಿದಿದ್ದರೆ ಪ್ರಯೋಗದ ಖರ್ಚು ಉಳಿಯುತ್ತಿತ್ತು.

6. ಕೊಳವೆ ಬಾವಿ ಪ್ರಮಾಣ

ಹಾಗಾದರೆ ಇಷ್ಟು ಸೋತವರ ಹಿಂದೆ ಯಾಕೆ ಹೋಗುತ್ತಾರೆ? ಷಿಕಾಗೊದ ಕಬ್ಸ್ ಬೇಸ್‌ಬಾಲ್ ತಂಡ 1908ರ ನಂತರ ಗೆದ್ದದ್ದು 2016ರಲ್ಲಿ, 108 ವರ್ಷಕ್ಕೆ. ಟೊರಾಂಟೊದ ಮೇಪಲ್ ಲೀಫ್ಸ್ ಹಾಕಿ ತಂಡ 1967ರಿಂದ ಕಾಯುತ್ತಲೇ ಇದೆ ಎಂದು ಪ್ರಬಂಧಕಾರ ಸಮಾಧಾನ ಹೇಳಿದ. “ನೂರೆಂಟಾ? ಅಷ್ಟೋತ್ತರ ಮುಗಿಸವ್ರೆ ಬಿಡು, ದೇವ್ರು ಕಣ್ಣು ಬಿಟ್ಟವ್ನೆ,” ಎಂದು ತಾತ ಬೀಡಿ ಹಚ್ಚಿದರು.

ಉತ್ತರ ಸಿಕ್ಕಿದ್ದು ಬೋರ್ ಮಾವನಿಂದ, ಅದೂ ಕ್ರಿಕೆಟ್ ಬಿಟ್ಟು ಬೇರೆ ಮಾತಾಡುವಾಗ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನೀರು ಹುಡುಕುತ್ತಾ ಓಡಾಡಿದವನು ಕಾಯಿ ನೆಟ್ಟಗೆ ನಿಂತ ಕಡೆ ಪಾಯಿಂಟು ಹಾಕಿಕೊಟ್ಟ. ಬೋರ್ ಕೊರೆಯುವ ಲಾರಿ ಬಂತು. 600 ಅಡಿಗೆ ಧೂಳು. 900ಕ್ಕೆ ಧೂಳು. ಸಾವಿರ ದಾಟಿದ ಮೇಲೂ ಬಿಳಿ ಧೂಳೇ. ಅತ್ತೆ ಕತ್ತಿನ ಸರದ ಲೆಕ್ಕ ಹಾಕುತ್ತಾ ಬದುವಿನ ಮೇಲೆ ಕೂತಿದ್ದರು. ಆಗ ಮಾವ ಲಾರಿಯವನಿಗೆ ಹೇಳಿದರಂತೆ: “ಇನ್ನೊಂದು ನೂರಡಿ ಬಿಡಣ್ಣ.”

ಈ ‘ಇನ್ನೊಂದು ನೂರಡಿ’ಯೇ ‘ಈ ಸಲ’. ಕ್ರಿಕೆಟ್ಟಿಗಿಂತ ಎಷ್ಟೋ ಮೊದಲು ಈ ಪದ ಈ ಸೀಮೆಯಲ್ಲಿತ್ತು. ಈ ಸಲ ಮಳೆ. ಈ ಸಲ ಕೆರೆ ಕೋಡಿ ಬೀಳ್ತದೆ. ಈ ಸಲ ಗೂಡಿಗೆ ರೇಟು. ಈ ಸಲ ಎತ್ತಿನಹೊಳೆ ನೀರು. 2023ರ ಜುಲೈಯಲ್ಲಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ನೋಡಿ ನಾಟಿ ಮಾಡಿದವರು, ಎರಡೇ ತಿಂಗಳಲ್ಲಿ ಬೆಲೆ ಕುಸಿದಾಗ ರಸ್ತೆ ಬದಿಗೆ ಸುರಿದು, ಮತ್ತೆ ನಾಟಿ ಮಾಡಿದರು. ಇಂಥವರಿಗೆ ಆರ್‌ಸಿಬಿಯನ್ನು ಹದಿನೇಳು ವರ್ಷ ನಂಬುವುದು ಕಷ್ಟದ ಕೆಲಸವೇನಲ್ಲ. ದುಡ್ಡು ಹೋಗದ ಒಂದೇ ಒಂದು ಬೋರ್‌ವೆಲ್ ಅದು.

7. ಉಪಸಂಹಾರ

3 ಜೂನ್ 2025, ಅಹಮದಾಬಾದ್. ಹದಿನೆಂಟನೇ ಋತುವಿನ ಫೈನಲ್. ಆರ್‌ಸಿಬಿ 190, ಪಂಜಾಬ್ 184. ಕೃಣಾಲ್ ಪಾಂಡ್ಯ 17 ರನ್ನಿಗೆ 2. ಏಕಚಕ್ರನಗರಕ್ಕೆ ಭೀಮನಾಗಿ ಬಂದವನು ಜೋಶ್ ಹೇಜಲ್‌ವುಡ್, ಋತುವಿಗೆ 22 ವಿಕೆಟ್. ಗೆದ್ದ ಅಂತರ 6 ರನ್: ಜೊಹಾನ್ಸ್‌ಬರ್ಗ್‌ನಲ್ಲಿ ಕಳೆದುಕೊಂಡಷ್ಟೇ. “ಹದಿನಾರು ವರ್ಷಕ್ಕೆ ಅಸಲು ಬಂತು, ಬಡ್ಡಿ ಬರ್ಲಿಲ್ಲ,” ಎಂದರು ತಾತ, ಕಣ್ಣೊರೆಸಿಕೊಳ್ಳುತ್ತಾ. ಆ ರಾತ್ರಿ ಎಲ್ಲರೂ ‘ನಮ್ದು’ ಎಂದರು. ‘ಏ’ಕಾರ ಬಿದ್ದುಹೋಯಿತು. ಸೂತ್ರ ಸಿದ್ಧವಾಯಿತು.

ಮರುದಿನ ಚಿನ್ನಸ್ವಾಮಿಯ ಹೊರಗೆ ಗೆಲುವಿನ ಸಂಭ್ರಮಕ್ಕೆ ಸೇರಿದವರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಂಗಡಿಯಲ್ಲಿ ಟಿ.ವಿ. ಆರಿಸಿದರು. ಆ ದಿನಕ್ಕೆ ಇಲ್ಲಿ ಯಾವ ಸಿದ್ಧಾಂತವೂ ಹುಟ್ಟಲಿಲ್ಲ. ಪ್ರಬಂಧಕಾರನ ಪುಸ್ತಕದಲ್ಲಿ ಆ ಪುಟ ಖಾಲಿ ಇದೆ, ಹಾಗೇ ಇರಲಿ.

ಬಹಳ ದಿನ ಬೆಂಚು ಮೌನವಾಗಿತ್ತು. ಹೋದವರ ದುಃಖ ಒಂದು ಕಡೆ. ಬಯಸಿದ್ದು ಸಿಕ್ಕಿಬಿಟ್ಟ ಮೇಲೆ ಮಾತಿಗೆ ಏನೂ ಉಳಿಯದ ಕಸಿವಿಸಿ ಇನ್ನೊಂದು ಕಡೆ. ಕಾಯಬೇಕಾದ್ದೇನೂ ಇಲ್ಲದೆ ಸಂಜೆಗಳು ಉದ್ದವಾದವು. ಪ್ರಬಂಧವನ್ನು ಇಲ್ಲಿಗೇ ಮುಗಿಸೋಣವೆಂದು ಪ್ರಬಂಧಕಾರ ಪೆನ್ನಿಗೆ ಕ್ಯಾಪು ಹಾಕುತ್ತಿದ್ದಾಗ, ಬಾಕ್ಸ್ ಹುಡುಗ ಲೋಡು ಇಳಿಸಿ ಬಂದು ಕೂತ. ಹರಿದ ತೋಳಿಗೆ ಹೊಲಿಗೆ ಬಿದ್ದಿತ್ತು.

“ನಮ್ ಬೌಲಿಂಗ್ ಒಸಿ ವೀಕು ಕಣಣ್ಣ,” ಎಂದ. “ಆದ್ರೂ ನೋಡ್ತಾ ಇರು. ಮುಂದಿನ ಸಲಾನೂ ನಮ್ದೇ.”

‘ಏ’ಕಾರ ವಾಪಸು ಬಂದಿತ್ತು. ಬೋರ್ ಮಾವ ಬೆಂಚಿನ ಈ ತುದಿಯಿಂದ ಎದ್ದರು. ಪ್ರಬಂಧಕಾರ ಆ ತುದಿಯಿಂದ ಬಿದ್ದನು.