72ರ ಮಗ್ಗಿ

ನಮ್ಮ ಮನೆಯ ಬಚ್ಚಲಿನ ನಲ್ಲಿ ಎಂಟು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಅದಕ್ಕೊಂದು ವಾಷರ್ ಬದಲಿಸುವುದು ನನ್ನ ಕೈಲಾಗಿಲ್ಲ. ಅಂಥ ನಾನು ಒಂದು ಜೆಟ್ ಯುದ್ಧವಿಮಾನವನ್ನು ಕುಯ್ದು, ಕೊರೆದು, ತಿದ್ದಿ ತೀಡಲು ಕೂತೆ ಎಂದರೆ ಅದರ ಹಿಂದೆ ನಮ್ಮ ಮಾವನವರಿದ್ದಾರೆ.

ಮಾವ 1964ರಲ್ಲಿ ಎಚ್‌ಎಎಲ್‌ಗೆ ಶೀಟ್ ಮೆಟಲ್ ಫಿಟ್ಟರ್ ಆಗಿ ಸೇರಿದವರು. ಅವರ ಕೈ ಪಳಗಿದ್ದು ಎಚ್‌ಎಫ್-24 ಮಾರುತ್ ವಿಮಾನದ ಮೇಲೆ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ ವಿಮಾನ ಅದು. 17 ಜೂನ್ 1961ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಒಟ್ಟು 147 ತಯಾರಾದವು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಎಣಿಸಿ ಮಾಡಿದ ಮೈಗೆ ತಕ್ಕ ಎಂಜಿನ್ ಕೊನೆಗೂ ದಕ್ಕಲಿಲ್ಲ. ಎರಡು ಆರ್ಫಿಯಸ್ ಎಂಜಿನ್ ಹಾಕಿಕೊಂಡು ಅದರಲ್ಲೇ ಬಾಳುವೆ ಮಾಡಿತು. "ಮೈಕಟ್ಟು ಚೆನ್ನಾಗಿದೆ, ಎಂಜಿನ್ ಸಾಲದು" ಎಂದು ಮಾವ ಈಗಲೂ ನಿಟ್ಟುಸಿರು ಬಿಡುತ್ತಾರೆ. ನಾನು ಹೆಣ್ಣು ನೋಡಲು ಹೋದ ದಿನವೂ ಒಳಮನೆಯಿಂದ ಇದೇ ಮಾತು ಕೇಳಿಸಿತ್ತು. ಮಾರುತ್ ವಿಷಯವಿರಬೇಕು ಎಂದುಕೊಂಡು ನಾನೂ ಹೊರಗಿನಿಂದ ತಲೆಯಾಡಿಸಿದ್ದೆ.

ಈ ವರ್ಷ ಅವರಿಗೆ ಸಹಸ್ರಚಂದ್ರ ದರ್ಶನ. ಎಲ್ಲರೂ ಶಾಲು, ಬೆಳ್ಳಿ ಲೋಟ ಎನ್ನುತ್ತಿದ್ದಾಗ ನನ್ನ ಬಾಯಿಂದ "ನಾನೊಂದು ಮಾರುತ್ ಮಾಡಿ ಕೊಡ್ತೀನಿ" ಎಂಬ ಮಾತು ಜಾರಿಬಿತ್ತು. 32 ವರ್ಷ ಲೆಕ್ಕಪತ್ರ ಬರೆದು ನಿವೃತ್ತನಾದವನಿಗೆ ಇಂಥ ಧೈರ್ಯ ಎಲ್ಲಿಂದ ಬರುತ್ತದೋ.

ದೊಡ್ಡ ಕಂಪನಿಗಳ ಪ್ಲಾಸ್ಟಿಕ್ ಕಿಟ್ಟುಗಳನ್ನು ಉಕ್ಕಿನ ಅಚ್ಚಿನಲ್ಲಿ ಒತ್ತುತ್ತಾರೆ. ಆ ಅಚ್ಚಿನ ಖರ್ಚು ಹುಟ್ಟಬೇಕಾದರೆ ಬಹಳ ಜನ ಕೊಳ್ಳುವ ವಿಮಾನವೇ ಆಗಬೇಕು. ಹೆಚ್ಚು ಗಿರಾಕಿಗಳಿಲ್ಲದ ಮಾರುತ್‌ನಂಥವನ್ನು ಯಾರೋ ಒಬ್ಬಿಬ್ಬರು ಸಣ್ಣ ವರ್ಕ್‌ಶಾಪಿನಲ್ಲಿ ಸಿಲಿಕಾನ್ ರಬ್ಬರಿನ ಅಚ್ಚು ಮಾಡಿ, ರೆಸಿನ್ ಸುರಿದು ಎರಕ ಹೊಯ್ಯುತ್ತಾರೆ. ಹಾಗೆ ಹೊಯ್ದದ್ದೊಂದನ್ನು ಸಮುದ್ರದಾಚೆಯಿಂದ ತರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಕೆನೆಬಣ್ಣದ ತುಂಡುಗಳು, ಒಂದೊಂದರ ಬುಡದಲ್ಲೂ ಎರಕದ ಗಟ್ಟಿ. ನನ್ನ ಹೆಂಡತಿ ಒಂದನ್ನು ಎತ್ತಿ ಮೂಸಿ, "ರೀ, ಇದು ಸೋಪಾ?" ಎಂದಳು.

ಅಳತೆ 1:72. ಇದು ಅಡಿ-ಅಂಗುಲದವರ ಲೆಕ್ಕ. ಆರಡಿ ಆಳು ಒಂದು ಇಂಚಿಗೆ ಇಳಿದರೆ 72ರಲ್ಲಿ ಒಂದು ಪಾಲು. ಸುಮಾರು 16 ಮೀಟರ್ ಉದ್ದದ ಮಾರುತ್ ಹೀಗೆ 22 ಸೆಂಟಿಮೀಟರಿಗೆ ಬಂದು, ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡೂವರೆ ಸೆಂಟಿಮೀಟರ್ ಆಗುತ್ತದೆ. ಎಲ್ಲವನ್ನೂ 72ರಿಂದ ಭಾಗಿಸಿದರೆ ಕೆಲಸವೂ ಅಷ್ಟು ಸಣ್ಣದಾಗುತ್ತದೆ ಎಂದು ನಾನು ತಿಳಿದಿದ್ದೆ. ಅದೇ ಲೆಕ್ಕವನ್ನು ಗುಣಾಕಾರದಲ್ಲೂ ಮಾಡಬಹುದೆಂದು ತೋರಿಸಿಕೊಟ್ಟವರು ಮಾವ. ಸಮಾರಂಭಕ್ಕೆ ಮೂರು ವಾರ ಮೊದಲೇ ಅವರು ನಮ್ಮ ಮನೆಗೆ ಬಂದು ಬಿಡಾರ ಹೂಡಿದರು, ಕೈಚೀಲದಲ್ಲಿ ಸ್ವಂತ ವರ್ನಿಯರ್ ಕ್ಯಾಲಿಪರ್ ಸಮೇತ. ಗುಟ್ಟಿನ ಉಡುಗೊರೆ ಅಲ್ಲಿಗೆ ರಟ್ಟಾಯಿತು.

ಮೊದಲು ಬಲರೆಕ್ಕೆ. ರೆಸಿನ್ ತುಂಡುಗಳು ದಾರಿಯಲ್ಲಿ ಬರುತ್ತಾ ಸೊಟ್ಟಗಾಗುವುದುಂಟು. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತವೆ. ಆಗ ನೆಟ್ಟಗೆ ಮಾಡಿ ತಣ್ಣೀರಿನಲ್ಲಿ ಹಿಡಿದರೆ ಹಾಗೇ ನಿಲ್ಲುತ್ತವೆ. ನಾನು ಸಾರಿನ ಪಾತ್ರೆಯಲ್ಲಿ ನೀರು ಕುದಿಸಿ ರೆಕ್ಕೆ ಬಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬಂದು ನೋಡಿದರೆ ರೆಕ್ಕೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ಇಕ್ಕಳದಲ್ಲಿ ಎತ್ತಿ, ತೀಡಿ, ತಣ್ಣೀರಿಗೆ ಹಾಕಿ, ಅಂತೂ ನೆಟ್ಟಗಾಯಿತು ಎನಿಸಿದ ಮೇಲೆ ಮಾವನ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ಕ್ಯಾಲಿಪರ್ ಹಿಡಿದು ನೋಡಿದರು.

"ತುದೀಲಿ 3 ಮಿಲಿಮೀಟರ್ ಜೋತಿದೆ ಅಳಿಯಂದ್ರೆ. ಇಂಟು 72. 216. ಒಂದು ಗೇಣು."

"ಸಣ್ಣ ವ್ಯತ್ಯಾಸ ಅಲ್ವಾ ಮಾವ?"

"ರೆಕ್ಕೆ ಒಂದು ಗೇಣು ಜೋತಿದ್ರೆ ಅದನ್ನ ವಿಮಾನ ಅನ್ನಲ್ಲ, ಹುಷಾರಿಲ್ಲದ ಹದ್ದು ಅಂತಾರೆ."

ಅವತ್ತಿನಿಂದ ನಮ್ಮ ಮನೆಯಲ್ಲಿ 72ರ ಮಗ್ಗಿ ಶುರುವಾಯಿತು. ಪ್ರೈಮರಿ ಶಾಲೆಯಲ್ಲಿ ಇಪ್ಪತ್ತರ ಮಗ್ಗಿಗೇ ಬೆತ್ತದ ರುಚಿ ಕಂಡವನು ನಾನು.

ರೆಸಿನ್ ಎರಕದಲ್ಲಿ ಗಾಳಿಗುಳ್ಳೆ ಉಳಿದು ಮೇಲ್ಮೈಯಲ್ಲಿ ಸೂಜಿಮೊನೆಯ ತೂತುಗಳಾಗುತ್ತವೆ. "ಅರ್ಧ ಮಿಲಿಮೀಟರ್. 36. ನಿಮ್ಮ ರಸ್ತೆ ಗುಂಡಿಗಿಂತ ಪರವಾಗಿಲ್ಲ" ಎಂದರು. ಇವನ್ನು ಫೆವಿಕ್ವಿಕ್ಕಿಗೆ ಮಗುವಿನ ಪೌಡರ್ ಬೆರೆಸಿ ಮುಚ್ಚುವುದು ಬಲ್ಲವರ ಕ್ರಮ. ಮನೆಯಲ್ಲಿ ಮಗು ಇಲ್ಲ, ಪೌಡರೂ ಇಲ್ಲ. ಅಡುಗೆ ಸೋಡಾ ಇತ್ತು, ಹಾಕಿದೆ. ಸೋಡಾ ಸೋಕಿದರೆ ಫೆವಿಕ್ವಿಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗುತ್ತದೆ. ಸುತ್ತಲ ರೆಸಿನ್ ಮೆತ್ತಗೆ, ತೂತಿನ ಬಿರಡೆ ಕಲ್ಲು. ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ (ಒಣಗಿದ ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರಿನಲ್ಲೇ ಉಜ್ಜಬೇಕು. ನಮ್ಮ ಸೋರುವ ನಲ್ಲಿ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು). ಉಜ್ಜಿದಷ್ಟೂ ರೆಸಿನ್ ಸವೆಯಿತು, ಬಿರಡೆ ಸವೆಯಲಿಲ್ಲ. ಗುಂಡಿಗಳಿದ್ದ ಕಡೆಯಲ್ಲೆಲ್ಲ ಈಗ ಹಂಪುಗಳು. ಬೆಂಗಳೂರಿನ ವಿಮಾನ ಎನ್ನಲು ಇನ್ನೇನು ಬೇಕು.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ನನಗೆ ವಿವರಗಳ ಹುಚ್ಚು ಹತ್ತಿತ್ತು. ಕಿಟ್ಟಿನಲ್ಲಿ ಇಲ್ಲದ್ದನ್ನೆಲ್ಲ ನಾನೇ ಸೇರಿಸಬೇಕು, ನೋಡಿದವರು ಬೆರಗಾಗಬೇಕು. ಪೈಲಟ್ಟಿನ ಸೀಟಿಗೆ ಬೆಲ್ಟು ಬೇಕಲ್ಲ, ಮಾವನ ಬಿಪಿ ಮಾತ್ರೆಯ ಹಾಳೆ ಕತ್ತರಿಸಿ ಅಂಟಿಸಿದೆ. 2 ಮಿಲಿಮೀಟರ್ ಅಗಲ ಬಂತು. "144. ಇದು ಸೀಟ್ ಬೆಲ್ಟಲ್ಲ, ನನ್ನ ಮದುವೆ ಪಂಚೆ ಅಂಚು" ಎಂದರು ಮಾವ. ಆಮೇಲೆ ಭೂತಗನ್ನಡಿ ಹಿಡಿದು, "ಎಕ್ಸ್‌ಪೈರಿ ಡೇಟ್ ಬೇರೆ ಕಾಣ್ತಿದೆ. ಪೈಲಟ್ ಓದಿಬಿಟ್ರೆ?" ಎಂದರು.

ಮಾರುತ್‌ನ ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳಿದ್ದವು. ಕಿಟ್ಟಿನಲ್ಲಿ ಬರೀ ನಾಲ್ಕು ಗುಳಿ. ಸಿರಿಂಜಿನ ಸೂಜಿ ತುಂಡರಿಸಿ ನಳಿಗೆ ಮಾಡಬಹುದೆಂದು ಹೊಳೆದು ಮೆಡಿಕಲ್ ಶಾಪಿಗೆ ಹೋದೆ.

"ಯಾರಿಗೆ ಸಾರ್?"

"ವಿಮಾನಕ್ಕೆ."

ಅಂಗಡಿಯ ಹುಡುಗ ಒಂದು ಕ್ಷಣ ನನ್ನ ಮುಖ ನೋಡಿ, ಇದ್ದುದರಲ್ಲಿ ದಪ್ಪನೆಯದನ್ನೇ ಕೊಟ್ಟು ಬೇಗ ಕಳಿಸಿಬಿಟ್ಟ. ತಂದು, ಕತ್ತರಿಸಿ, ಎರಡು ಬೆರಳಿಗೆ ಚುಚ್ಚಿಸಿಕೊಂಡು ನಾಲ್ಕನ್ನೂ ಕೂರಿಸಿದೆ. ಮಾವ ಅಳೆದರು. ಒಂದೂಕಾಲು ಮಿಲಿಮೀಟರ್. ಇಂಟು 72, 90.

"ಟ್ಯಾಂಕ್ ಮಾಡಿದ ವಿಮಾನ, ಸರಿ. ಅದಕ್ಕೆ ಅಂತ ಟ್ಯಾಂಕಿನ ಫಿರಂಗೀನೇ ಇಟ್ರಾ?"

ಆದರೂ ನಾನು ಬಗ್ಗಲಿಲ್ಲ. ವಿಮಾನದ ಮೈಮೇಲೆ ತಗಡುಗಳು ಸೇರುವ ಸಂದಿಗೆರೆಗಳು ಉಜ್ಜಾಟದಲ್ಲಿ ಅಳಿಸಿಹೋಗಿದ್ದವು. ಮೊಮ್ಮಗಳ ಜಾಮಿಟ್ರಿ ಬಾಕ್ಸಿನಿಂದ ಕೈವಾರ ಕದ್ದು, ಅದರ ಮುಳ್ಳಿನಲ್ಲಿ ಎಲ್ಲ ಗೆರೆಗಳನ್ನೂ ಮತ್ತೆ ಕೊರೆದೆ. ಎರಡು ಕಡೆ ಮುಳ್ಳು ಜಾರಿ ಗೆರೆ ತನಗೆ ಇಷ್ಟ ಬಂದ ದಾರಿ ಹಿಡಿಯಿತು. ಮಿಕ್ಕಂತೆ ಆಳವಾಗಿ, ಎದ್ದು ಕಾಣುವಂತೆ, ಭೇಷಾಗಿ ಬಂದಿವೆ ಎಂದೇ ನನಗನಿಸಿತ್ತು. ಮಾವ ಈ ಸಲ ಕ್ಯಾಲಿಪರ್ ತೆಗೆಯಲಿಲ್ಲ. "ನಾಳೆ ಕಸ್ತೂರಬಾ ರಸ್ತೆಗೆ ಹೋಗಿ ಬರೋಣ" ಎಂದರು.

ಅಲ್ಲಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ನಿಜವಾದ ಮಾರುತ್ ಒಂದು ನಿಂತಿದೆ. ಚಿಕ್ಕ ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದವು. ಮಾವ ಊರುಗೋಲು ನನ್ನ ಕೈಗೆ ಕೊಟ್ಟು, ಮಾತಿಲ್ಲದೆ ಅದನ್ನೊಂದು ಸುತ್ತು ಹಾಕಿದರು. ನಡುವಿನಲ್ಲಿ ಸೊಂಟ ಹಿಡಿದಂತೆ ಸಣ್ಣಗಾಗಿ, ಹಿಂದೆ ಎರಡು ಎಂಜಿನ್ನುಗಳಿಗಾಗಿ ಮತ್ತೆ ಅಗಲವಾಗುವ ಮೈ. ಹೊರಡುವಾಗ ತಮ್ಮ ಹೆಬ್ಬೆರಳ ಉಗುರನ್ನು ಗಾಳಿಯಲ್ಲಿ ಒಂದು ಗೆರೆಯ ಮೇಲೆ ಎಳೆಯುವಂತೆ ಎಳೆದರು.

"ತಗಡು ತಗಡು ಸೇರೋ ಕಡೆ ಹೀಗೆ ಉಗುರು ಎಳೀತಿದ್ವಿ. ಉಗುರು ತಡೀತು ಅಂದ್ರೆ ಇನ್‌ಸ್ಪೆಕ್ಟರ್ ವಾಪಸ್ ಕಳಿಸ್ತಿದ್ದ. ನಿಮ್ಮ ಗೆರೆ ಅರ್ಧ ಮಿಲಿಮೀಟರ್ ಇದೆ. 36. ಉಗುರಲ್ಲ, ನನ್ನ ಕೈಯೇ ಒಳಗೆ ಹೋಗುತ್ತೆ. ಒಳಗೆ ಕೂತ ಪೈಲಟ್‌ಗೆ ಕೈ ಕುಲುಕಿ ಬರಬಹುದು."

ನಾನು ಊರುಗೋಲು ಹಿಡಿದುಕೊಂಡು ಸುಮ್ಮನೆ ಹಿಂದೆ ನಡೆದೆ.

ಬಣ್ಣದ ಕತೆ ಉದ್ದ ಹೇಳುವಂಥದ್ದಲ್ಲ. ಹಸಿರು ಮತ್ತು ಮಣ್ಣು ಬಣ್ಣ ಬಳಿದೆ, ಒಣಗುವ ಮೊದಲೇ ಎತ್ತಿ ನೋಡಿದೆ, ಬಾಲದ ಮೇಲೆ ನನ್ನ ಹೆಬ್ಬೆಟ್ಟು ಅಚ್ಚಾಯಿತು. ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಮೀಟರ್ ಎತ್ತರದ ಹೆಬ್ಬೆಟ್ಟು. ತಲೆಯಿಂದ ಉದುರಿದ ಒಂದು ಕೂದಲು ರೆಕ್ಕೆಯ ಮೇಲೆ ಬಣ್ಣದಡಿ ಸೇರಿಕೊಂಡು 5 ಮಿಲಿಮೀಟರ್ ದಪ್ಪದ ಹಗ್ಗವಾಯಿತು. ನನ್ನ ತಲೆಯಲ್ಲಿ ಉಳಿದಿರುವುದೇ ಕೆಲವು, ಅದರಲ್ಲೂ ಒಂದು ದೇಶಸೇವೆಗೆ ಹೋಯಿತು. ಕೇಸರಿ-ಬಿಳಿ-ಹಸಿರಿನ ವಾಯುಪಡೆಯ ಲಾಂಛನವನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ರೆಕ್ಕೆಯ ಮೇಲೆ ಜಾರಿಸಬೇಕು. ಜಾರಿಸಿದೆ, ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಸಂಜೆ ಹಾಲಿನ ಬೂತಿನಲ್ಲಿ ಯಾರೋ "ಸಾರ್, ಕೈಗೇನೋ ಟ್ಯಾಟೂ ಹಾಕ್ಸಿದೀರಿ?" ಎಂದಾಗ ನೋಡಿಕೊಂಡೆ. ನನ್ನ ಎಡ ಮೊಣಕೈ ವಾಯುಪಡೆಗೆ ಸೇರಿತ್ತು.

ಎಲ್ಲಕ್ಕಿಂತ ಮರೆಯಲಾಗದ್ದು ಕ್ಯಾನೊಪಿ, ಪೈಲಟ್ಟಿನ ತಲೆಯ ಮೇಲಿನ ಗಾಜಿನಂಥ ಗೂಡು. ಇಡೀ ಕಿಟ್ಟಿನಲ್ಲಿ ನಾನು ಕೆಡಿಸದೆ ಉಳಿದಿದ್ದ ಒಂದೇ ಭಾಗ ಅದು, ನೀರಿನ ಹನಿಯ ಹಾಗೆ ತಿಳಿಯಾಗಿತ್ತು. ರಾತ್ರಿ ಫೆವಿಕ್ವಿಕ್ ಹಚ್ಚಿ ಕೂರಿಸಿ, ಡಬ್ಬಿಯೊಳಗೆ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ತೆಗೆದರೆ ಇಡೀ ಗೂಡಿಗೆ ಬಿಳಿ ಬೂದಿ ಬಳಿದಂತಿತ್ತು. ಆ ಅಂಟಿನ ಆವಿ ಗಾಳಿಯಾಡದ ಕಡೆ ತಿಳಿ ಪ್ಲಾಸ್ಟಿಕ್ಕಿನ ಮೇಲೆ ಹೀಗೇ ಕೂರುತ್ತದಂತೆ. ಈ ಕೆಲಸಕ್ಕೆ ಸಾದಾ ಬಿಳಿ ಫೆವಿಕಾಲ್ ಸಾಕಿತ್ತು ಎಂದು ಹೇಳಿದವಳು ಐದನೇ ಕ್ಲಾಸಿನ ಮೊಮ್ಮಗಳು, ಅದೂ ಕೈವಾರ ವಾಪಸ್ ಕೇಳಲು ಬಂದಾಗ. ಫೆವಿಕ್ವಿಕ್ಕನ್ನು ಕರಗಿಸುವುದು ಅಸಿಟೋನ್ ಎಂದು ಗೊತ್ತಿದ್ದ ನಾನು ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ಹತ್ತಿಯಲ್ಲದ್ದಿ ಒರೆಸಿದೆ. ಅಸಿಟೋನ್ ಅಂಟನ್ನು ಕರಗಿಸುವ ಮೊದಲು ಗೂಡನ್ನೇ ಕರಗಿಸಲು ಶುರುಮಾಡಿತು. ಹತ್ತಿಯ ಎಳೆಗಳು ಅದರಲ್ಲೇ ಹೂತು ನಿಂತವು.

ಮಾವ ಅದನ್ನು ಬಹಳ ಹೊತ್ತು ನೋಡಿದರು. "1971ರ ಯುದ್ಧದಲ್ಲಿ ಒಂದು ಎಂಜಿನ್ ಹೊಡೆತ ತಿಂದ್ರೂ ಇನ್ನೊಂದರಲ್ಲೇ ವಾಪಸ್ ಬಂದಂಥ ವಿಮಾನ ಕಣ್ರೀ ಇದು" ಎಂದರು. "ಪಾಪ, ನಿಮ್ಮ ಕೈಯಿಂದ ತಪ್ಪಿಸಿಕೊಳ್ಳೋಕಾಗ್ಲಿಲ್ಲ."

ಸಮಾರಂಭದ ಹಿಂದಿನ ರಾತ್ರಿ ಚಕ್ರ ಕೂರಿಸಿ ಮೇಜಿನ ಮೇಲೆ ನಿಲ್ಲಿಸಿದೆ. ಒಂದು ಗಳಿಗೆ ನಿಂತಿತು. ಆಮೇಲೆ ನಿಧಾನವಾಗಿ ಮೂತಿ ಮೇಲೆತ್ತಿ, ಊಟ ಮುಗಿಸಿದ ಬೀಗರ ಹಾಗೆ ಬಾಲದ ಮೇಲೆ ಕೂತುಬಿಟ್ಟಿತು. ಮೂತಿಯೊಳಗೆ ಸೀಸದ ಗುಂಡು ತುಂಬಿ ಭಾರ ಕೊಡಬೇಕೆಂದು ಕಿಟ್ಟಿನ ಕಾಗದದಲ್ಲಿ ಇತ್ತು. ಓದಿದ್ದೆ, ಆಮೇಲೆ ನೋಡಿಕೊಳ್ಳೋಣ ಎಂದಿದ್ದೆ. ಈಗ ಗಟ್ಟಿ ರೆಸಿನ್ ಮೂತಿಯನ್ನು ಕೆಳಗಿನಿಂದ ಡ್ರಿಲ್ ಮಾಡಿದೆ. ಡ್ರಿಲ್ಲಿನ ತುದಿ ಪೈಲಟ್ಟಿನ ಕಾಲ ಬುಡದಲ್ಲಿ ಹೊರಬಂತು. ತುಂಬಿದ ಸೀಸ ಆ ಕಿಂಡಿಯಿಂದ ಉದುರಿತು.

ಟ್ಯಾಂಕ್ ಕೂಡ ಮಾರುತ್‌ಗೆ ಮೊದಲು ಒಂದು ಮಾಡೆಲ್ ಮಾಡಿಸಿದ್ದರು. 1959ರಲ್ಲಿ ಮರದಲ್ಲಿ, ಪೂರ್ತಿ ಅಳತೆಯಲ್ಲಿ, ಎಂಜಿನ್ ಇಲ್ಲದ ಗ್ಲೈಡರ್. ಡಕೋಟ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಡುತ್ತಿತ್ತು, ಅದು ಹಾರುತ್ತಿತ್ತು. 72 ಪಟ್ಟು ಚಿಕ್ಕದಾದ ನನ್ನದಕ್ಕೆ ನಿಲ್ಲಲೂ ಬರುತ್ತಿರಲಿಲ್ಲ.

ಮಧ್ಯರಾತ್ರಿ ಮಾವ ಎದ್ದು ಬಂದರು. ನಾಲ್ಕು ಬೆಂಕಿಕಡ್ಡಿ ಕೇಳಿ, ತಲೆ ಕತ್ತರಿಸಿ, ಅಡ್ಡ ಎರಡು ಕಡ್ಡಿ ಕೊಟ್ಟು, ಹತ್ತೇ ನಿಮಿಷದಲ್ಲಿ ಬಾಲದ ಕೆಳಗೆ ಒಂದು ಪುಟ್ಟ ಟ್ರೆಸ್ಟಲ್ ಕಟ್ಟಿದರು. "ಹ್ಯಾಂಗರಿನಲ್ಲಿ ರಿಪೇರಿಗೆ ನಿಂತಿದ್ದಕ್ಕೆ ಹೀಗೆ ಕೊಡ್ತಿದ್ವಿ." ವಿಮಾನ ನೆಟ್ಟಗೆ ನಿಂತಿತು. ಆಮೇಲೆ ಪೂಜೆಯ ಆಹ್ವಾನಪತ್ರಿಕೆಯ ಕೆಂಪು ಅಂಚಿನಿಂದ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ನನ್ನ ಹೆಂಡತಿಯ ಸೂಜಿದಾರದಿಂದ ಒಂದೆಳೆ ಬಿಡಿಸಿ, ಮುಂದಿನ ಚಕ್ರದ ಕಾಲಿಗೆ ಕಟ್ಟಿದರು.

"ಏನಿದು ಮಾವ?"

"ರಿಜೆಕ್ಷನ್ ಟ್ಯಾಗ್."

ಅವರು ಮಲಗಿದ ಮೇಲೆ ಕ್ಯಾಲಿಪರ್ ತೆಗೆದು ಆ ಚೀಟಿಯನ್ನು ನಾನೇ ಅಳೆದೆ. ಉದ್ದ 2, ಅಗಲ 1. ಇಂಟು 72 ಮಾಡಿದೆ. 144, 72. ಇಡೀ ವಿಮಾನದಲ್ಲಿ ಅಳತೆಗೆ ಸರಿಯಾಗಿ ಬಂದದ್ದು ಅದೊಂದೇ.