ಡ್ರೆಸ್ಸಿಂಗ್ ಮಾಸ್ತರು

ಇಂಥವರು ಯಾದಗಿರಿಯಲ್ಲಿ ಒಬ್ಬರು, ಸುರಪುರದಲ್ಲಿ ಇಬ್ಬರು ಇದ್ದೇ ಇರುತ್ತಾರೆ. ಶಹಾಪುರದ ಪಾಲು ಮಾತ್ರ ನಮ್ಮ ಓಣಿಗೇ ಬಂದಿದೆ. ನಿವೃತ್ತ ಹೈಸ್ಕೂಲು ವಿಜ್ಞಾನ ಮಾಸ್ತರು. ಎಣ್ಣೆ, ನೀರು ಬೆರೆಯುವುದಿಲ್ಲ ಎಂದು ಮೂವತ್ತು ವರ್ಷ ಹುಡುಗರ ತಲೆಗೆ ತುಂಬಿ, ಈಗ ಅವೆರಡನ್ನೂ ಬೆರೆಸಲು ಕೂತಿದ್ದಾರೆ.

ಶುರುವಾದದ್ದು ಬೆಂಗಳೂರಿನಲ್ಲಿ. ಮಗನ ಮನೆಗೆ ಹೋದವರು ಹೇಗೂ ಬಂದಿದ್ದೇವಲ್ಲ ಎಂದು ರಕ್ತ ತಪಾಸಣೆ ಮಾಡಿಸಿಕೊಂಡರು. ಸಕ್ಕರೆ ಗಡಿಯಲ್ಲಿ ನಿಂತಿತ್ತು, ಕೊಲೆಸ್ಟ್ರಾಲ್ ಆಗಲೇ ಗಡಿ ದಾಟಿತ್ತು. ರಾತ್ರಿ ಸೊಸೆ ಬಟ್ಟಲು ತುಂಬ ಹಸಿರೆಲೆ ಇಟ್ಟು ಮೇಲೆ ಬಾಟಲಿಯಿಂದ ಏನೋ ಸುರಿದಳು, ಸಲಾಡ್ ಡ್ರೆಸ್ಸಿಂಗ್ ಅಂತೆ. ಮಾಸ್ತರು ಬಾಟಲಿ ತಿರುಗಿಸಿ, ಕನ್ನಡಕ ಏರಿಸಿ, ಬೆನ್ನಿನ ಸಣ್ಣಕ್ಷರ ಓದಿದರು. ಸಕ್ಕರೆ, ಉಪ್ಪು, ಅಂಟು, ಕೆಡದಂತೆ ಹಾಕಿದ ರಸಾಯನ. ‘ಔಷಧಿನೇ ಬ್ಯಾನಿ ಆದಂಗಾತಲ್ಲ!’ ಎಂದರಂತೆ. ಇದನ್ನು ಮನೆಯಲ್ಲೇ ಮಾಡಿದರಾಯಿತು ಎಂದು ನಿಶ್ಚಯಿಸಿಬಿಟ್ಟರು. ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ಯಾದಗಿರಿಯಲ್ಲಿ ಇಳಿದಾಗ ಅವರ ಚೀಲದಲ್ಲಿ ಅಂಗಿಗಳಿಗಿಂತ ಖಾಲಿ ಬಾಟಲಿಗಳೇ ಹೆಚ್ಚಿದ್ದವು.

‘ಮಾಸ್ತರ ಮನಿಯಾಗ ದಿನಾ ಡ್ರೆಸ್ಸಿಂಗ್ ನಡದಾದಂತ’ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಮೂರನೇ ದಿನ ಕಂಪೌಂಡರು ಹತ್ತಿ, ಪಟ್ಟಿ ಹಿಡಿದು ಬಂದು ‘ಗಾಯ ಎಲ್ಲಿ ಅದ್ರಿ?’ ಎಂದು ಕೇಳಿದರು.

ಮೊದಲ ಸಂಕಟ ಆಲಿವ್ ಎಣ್ಣೆಯದು. ನಮ್ಮ ಕಿರಾಣಿ ಅಂಗಡಿಯವನು ಆ ಹೆಸರನ್ನೇ ಎರಡು ಸಲ ಹೇಳಿಸಿಕೊಂಡ. ಮಾಸ್ತರು ಸುರಪುರದ ಬಸ್ಸು ಹತ್ತಿದರು. ಅಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು, ಅಂಗೈಯಗಲದ ಡಬ್ಬಿ. ಅಂಗಡಿಯ ಹಿರಿಯರು ಅದನ್ನು ಕಾಗದದಲ್ಲಿ ಸುತ್ತುತ್ತ ಅಕ್ಕರೆಯಿಂದ ಕೇಳಿದರು: ‘ಕೂಸಿಗಿ ಎಷ್ಟು ತಿಂಗಳಾತ್ರಿ ಮಾಸ್ತರ? ಎಣ್ಣಿ ಹಚ್ಚಿದ ಮ್ಯಾಲ ಸ್ವಲ್ಪ ಬಿಸಲಿಗಿ ಮಲಗಸ್ರಿ.’ ಅರವತ್ತೆರಡರ ಕೂಸು ಡಬ್ಬಿ ಅಲ್ಲೇ ಇಟ್ಟು, ಬಿಸಿಲಲ್ಲೇ ನಡೆದು ಬಸ್ ಸ್ಟ್ಯಾಂಡ್ ಸೇರಿತು. ಅಂದಿನಿಂದ ಗಾಣದ ಕುಸುಬಿ ಎಣ್ಣೆ.

ಎರಡನೆಯ ಸಂಕಟ ಲೆಟ್ಯೂಸ್. ಸಂತೆಯಲ್ಲಿ ಹಕ್ಕರಕಿ ಸೊಪ್ಪು ಮಾರುವವಳ ಮುಂದೆ ಕೂತು, ‘ಇದು ನಮ್ಮ ಕಡೀ ಲೆಟ್ಯೂಸ್ ಇದ್ದಂಗ’ ಎಂದು ಪಾಠ ಶುರು ಮಾಡಿದರು. ಅವಳು ನಕ್ಕಳು. ‘ಅಲ್ರೀ ಯಪ್ಪಾ, ಇದು ಹಕ್ಕರಕಿ. ಹತ್ತಕ್ಕ ಎರಡು ಸಿವುಡು. ಹೆಸರು ಬದ್ಲಿ ಮಾಡಿದ್ರ ರೊಕ್ಕ ಜಾಸ್ತಿ ಆಗ್ತದ ನೋಡ್ರಿ!’

ಇಲ್ಲಿ ಮಾಸ್ತರ ಪರವಾಗಿ ಒಂದು ಮಾತು ಹೇಳಲೇಬೇಕು. ಲೆಟ್ಯೂಸ್‌ಗೂ ಹಕ್ಕರಕಿಗೂ ದಾಯಾದಿ ಸಂಬಂಧ ನಿಜಕ್ಕೂ ಇದೆ. ಎರಡೂ ಸೇವಂತಿಗೆಯ ಕುಟುಂಬದವು. ಕುಸುಬಿಯೂ ಅದೇ ಮನೆತನ, ಗುರೆಳ್ಳೂ ಅದೇ. ನಮ್ಮ ಎರೆಹೊಲದ ಬದುವಿನಲ್ಲಿ ದಾಯಾದಿಗಳೆಲ್ಲ ಒಂದೇ ಕಡೆ ನೆರೆದಿದ್ದಾರೆ, ಯಾರೂ ಪರಿಚಯ ಮಾಡಿಸಿರಲಿಲ್ಲ ಅಷ್ಟೆ.

ಮೂರನೆಯದೇ ಮುಖ್ಯ ಸಂಕಟ. ಮೂರು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು. ಕೆಮ್ಮಿನ ಔಷಧದ ಖಾಲಿ ಬಾಟಲಿಗೆ ಹಾಕಿ, ಬಿರಡೆ ಬಿಗಿದು, ಕಟ್ಟೆಯ ಮೇಲೆ ನಿಂತು ಕುಲುಕುವುದು. ಬುದ್ಧ ಮಲಗಿದ ಬೆಟ್ಟ ಎದುರಿಗೇ ಇದೆ. ಇಷ್ಟು ಸಪ್ಪಳಕ್ಕೆ ಆತ ಹೇಗೆ ಮಲಗಿದ್ದಾನೋ. ಕುಲುಕುವಷ್ಟು ಹೊತ್ತು ಬಾಟಲಿಯೊಳಗೆ ಎಲ್ಲ ಒಂದೇ, ಹಾಲಿನಂತೆ. ಕೆಳಗಿಟ್ಟ ಕೂಡಲೇ ಎಣ್ಣೆ ಮೇಲೆ, ಹುಳಿ ಕೆಳಗೆ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಗಬೇಕಾದರೆ ಎಷ್ಟು ವರ್ಷ ಅರ್ಜಿ ಬರೆದದ್ದು! ಇವು ಎರಡು ನಿಮಿಷ ಕಾಯಲಿಲ್ಲ.

ಸಾಸಿವೆ ಪುಡಿ ಹಾಕಿದರು. ಸಾಸಿವೆಗೆ ಎಣ್ಣೆಯನ್ನೂ ಹುಳಿಯನ್ನೂ ಹಿಡಿದಿಡುವ ಗುಣವಿದೆ ಎಂದು ಬೋರ್ಡಿಲ್ಲದೆಯೇ ಪಾಠ ಹೇಳಿದರು. ಹಿಡಿಯಿತು ನಿಜ, ಆದರೆ ಮೂಗಿಗೆ ಏರಿ ಮಾಸ್ತರು ಅರ್ಧ ಗಂಟೆ ಸೀನಿದರು. ನಾಲ್ಕನೇ ದಿನ ಮಾಸ್ತರ ಹೆಂಡತಿ, ನಮ್ಮೆಲ್ಲರ ವೈನಿ, ತಾಳಲಾರದೆ, ಊಟದ ಹೊತ್ತಿಗೆ ಒಂದು ಚಮಚ ಅಗಸಿ ಹಿಂಡಿ ತಂದು ಬಾಟಲಿಗೆ ಸುರಿದರು. ಅಗಸಿ ಚಟಪಟ ಅನ್ನುವವರೆಗೆ ಹುರಿದು, ಬಳ್ಳೊಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಒಳ್ಳಿನಲ್ಲಿ ಕುಟ್ಟಿದ್ದು. ಎರಡು ಚಮಚ ಮೊಸರನ್ನೂ ಹಾಕಿ ‘ಈಗ ಅಳ್ಳಾಡಸ್ರಿ’ ಎಂದರು.

ಅಲ್ಲಾಡಿಸಿದರು. ಕೆಳಗಿಟ್ಟರು. ಎರಡು ನಿಮಿಷ, ಐದು ನಿಮಿಷ. ಊಟ ಮುಗಿದು ಕೈ ತೊಳೆದು ಬಂದು ನೋಡಿದರೂ ಬಾಟಲಿಯಲ್ಲಿ ಒಡಕಿಲ್ಲ. ಅಗಸಿಯ ಲೋಳೆ ತನ್ನ ಕೆಲಸ ಮಾಡಿತ್ತು.

‘ನಾ ಹೇಳಲಿಲ್ಲಾ?’ ಎಂದರು ಮಾಸ್ತರು.

‘ಇದಕ್ಕ ನಮ್ಮತ್ತಿ ಪಚಡಿ ಅಂತಿದ್ರು. ಬಾಟ್ಲಿ ಒಂದ ಇರಲಿಲ್ಲ ನೋಡ್ರಿ’ ಎಂದರು ವೈನಿ.

‘ನಮ್ಮವ್ವ ಅಳತಿ ಬರದಿಟ್ಟಿದ್ಲೇನು?’

ಆ ಪ್ರಶ್ನೆಗೆ ಉತ್ತರವಿಲ್ಲ. ಬಾಟಲಿಗೆ ಚೀಟಿ ಅಂಟಿತು, ಮಾಸ್ತರ ಮುತ್ತಿನಂಥ ಅಕ್ಷರದಲ್ಲಿ: ‘ಫ್ಲ್ಯಾಕ್ಸ್ ಯೋಗರ್ಟ್ ಡ್ರೆಸ್ಸಿಂಗ್, ಬ್ಯಾಚ್ ನಂಬರ್ 5’. ಈಗ ಅದು ಜೇಬಿನಲ್ಲೇ ಇರುತ್ತದೆ. ಮೊನ್ನೆ ಯಾದಗಿರಿಯ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತು, ಗಜ್ಜರಿ, ಸೌತಿಕಾಯಿ ಹೋಳುಗಳ ಮೇಲೆ ಸುರಿದುಕೊಂಡರು. ಪಕ್ಕದವರು ಬಾಟಲಿಯ ಆಕಾರ ನೋಡಿ ‘ಕೆಮ್ಮು ಭಾಳ ಅದ ಏನ್ರಿ?’ ಎಂದು ಸರಿದು ಕೂತರು. ಮಾಸ್ತರು ಬಿಡಲಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ 120 ಕ್ಯಾಲೊರಿ, ಹಾಗಂತ ಎಣ್ಣೆ ಪೂರ್ತಿ ಬಿಟ್ಟರೆ ಗಜ್ಜರಿಯ ಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ, ಅಗಸಿಯಲ್ಲಿ ಒಮೆಗಾ 3 ಇದೆ. ಹೋಳಿಗೆ ಬಡಿಸುವವನು ಬಂದಾಗ ಮಾತ್ರ ಪಾಠ ಒಂದು ಕ್ಷಣ ನಿಂತಿತು. ಎರಡು ಹೋಳಿಗೆ, ಮೇಲೆ ತುಪ್ಪ. ಅದರ ಲೆಕ್ಕ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಂಜೆಯ ಸುಸಲಾ, ಮಿರ್ಚಿಯನ್ನೂ ಬಿಟ್ಟಿಲ್ಲ. ಸುಸಲಾದ ಮೇಲೆ ಎರಡು ಹನಿ ಡ್ರೆಸ್ಸಿಂಗ್ ಹಾಕಿದರೆ ಅದು ಸಲಾಡ್ ಆಗುತ್ತದೆ ಎಂಬುದು ಅವರ ಇತ್ತೀಚಿನ ಸಂಶೋಧನೆ. ಮಿರ್ಚಿಯೂ ತರಕಾರಿಯೇ ಅಲ್ಲವೇ ಎನ್ನುತ್ತಾರೆ.

ಅಂದಹಾಗೆ, ರುಚಿ ನಿಜವಾಗಿಯೂ ಚೆನ್ನಾಗಿದೆ. ಮೂರು ಚಮಚ ಕುಸುಬಿ ಎಣ್ಣೆ, ಎರಡು ಚಮಚ ಮೊಸರು, ಒಂದು ಚಮಚ ನಿಂಬೆರಸ, ಒಂದು ಚಮಚ ಅಗಸಿ ಹಿಂಡಿ. ಹಿಂಡಿಯಲ್ಲೇ ಉಪ್ಪಿದೆ, ಮತ್ತೆ ಹಾಕಬೇಡಿ. ತಿನ್ನುವಾಗಲೇ ಸುರಿದುಕೊಳ್ಳಿ, ಮೊದಲೇ ಸುರಿದರೆ ಸೌತಿಕಾಯಿ ನೀರು ಬಿಡುತ್ತದೆ. ಮೊಸರು ಇರುವುದರಿಂದ ಎರಡು ದಿನದೊಳಗೆ ಮುಗಿಸಿ. ಮಾಸ್ತರು ಕೇಳಿದವರಿಗೆಲ್ಲ ಒಂದೊಂದು ಬಾಟಲಿ ಪುಕ್ಕಟೆ ಕೊಡುತ್ತಾರೆ. ಖಾಲಿ ಬಾಟಲಿ ಮಾತ್ರ ತೊಳೆದು ವಾಪಸ್ ಕೊಡಬೇಕು. ಯಾರ ಮನೆಯಲ್ಲಿ ಎಷ್ಟಿವೆ ಎಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.